ತಂಗಿಯ ಹೆಸರಿನ ಅಭಿನಂದನೆ

ನಮ್ಮಲ್ಲಿ ಒಬ್ಬರ ಹುಟ್ಟುಹಬ್ಬವೆಂದರೆ ಅಭಿನಂದನೆ ಅವರೊಬ್ಬರಿಗೇ ಅಲ್ಲ. ಬಂದವರು ದುಂಡಗೆ ಹಾಕಿದ ಕುರ್ಚಿಗಳನ್ನೆಲ್ಲ ಸುತ್ತಬೇಕು. ಅಮ್ಮನ ಕೈ ಕುಲುಕಿ ‘ಮಗಳ ಹೆಸರಲ್ಲಿ ಅಭಿನಂದನೆ’ ಎನ್ನಬೇಕು, ಅಣ್ಣನ ಕೈ ಕುಲುಕಿ ‘ತಂಗಿಯ ಹೆಸರಲ್ಲಿ ಅಭಿನಂದನೆ’ ಎನ್ನಬೇಕು, ಪಕ್ಕದ ಮನೆಯವರನ್ನೂ ಬಿಡಬಾರದು. ಕಾಫಿ, ಕೇಕು ಎಲ್ಲ ಆಮೇಲೆ. ‘ತಂಗಿಯ ಹೆಸರಲ್ಲಿ’ ಎಂಬ ಈ ಮಾತನ್ನು ನನ್ನ ಗಂಡನ ಅಕ್ಕ ಹೆರ್ಮೀನ್ ಕೇಳಿದಷ್ಟು ನಮ್ಮೂರು ಹೆಲ್ಡರ್‌ಬೀಕಿನಲ್ಲಿ ಇನ್ಯಾರೂ ಕೇಳಿರಲಿಕ್ಕಿಲ್ಲ. ಅವಳ ತಂಗಿ ಯೆನ್ನೆಕೆ ಇಲ್ಲಿನ ಫುಟ್‌ಬಾಲ್ ಕ್ಲಬ್ಬಿನ ಪರ ಗೋಲು ಹೊಡೆದಾಗಲೆಲ್ಲ ಊರವರಿಗೆ ಅದೂ ಒಂದು ಹುಟ್ಟುಹಬ್ಬವೇ. ಬೇಕರಿಯಲ್ಲಿ, ಪೆಟ್ರೋಲ್ ಬಂಕಿನಲ್ಲಿ, ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದಾಗಲೂ ಹೆರ್ಮೀನಳಿಗೆ ಅದೇ ಮಾತು. ಅದಕ್ಕೆಂದೇ ಅವಳಲ್ಲೊಂದು ನಗು ಇತ್ತು. ಹಲ್ಲು ಕಾಣದ, ತುಟಿಯ ಒಂದೇ ಮೂಲೆ ಏಳುವ ನಗು. ‘ಥ್ಯಾಂಕ್ಸ್’ ಎಂದು ಮುಂದೆ ಹೋಗಿಬಿಡುತ್ತಿದ್ದಳು.

ಹೆರ್ಮೀನ್ ಬಸ್ ಓಡಿಸುತ್ತಾಳೆ. ಎತ್ತರದ ಆಳು, ಅಗಲವಾದ ಅಂಗೈ. ಬ್ರೆಡ್ಡಿಗೆ ಬೆಣ್ಣೆಯನ್ನು ಗೋಡೆಗೆ ಗಾರೆ ಬಳಿದ ಹಾಗೆ ಬಳಿಯುತ್ತಾಳೆ. ವಾರದ ದಿನಗಳಲ್ಲಿ ಊರಿನ ಬಸ್ಸು, ಶನಿವಾರ ಭಾನುವಾರ ಕ್ಲಬ್ಬಿನ ಹೆಣ್ಣುಮಕ್ಕಳ ತಂಡದ ಬಸ್ಸು. ಪರಊರಿನ ಪಂದ್ಯ ಯಾವುದೇ ಇರಲಿ, ತಂಡವನ್ನು ಕರೆದುಕೊಂಡು ಹೋಗಿ ಬರುವವಳು ಅವಳೇ. ಹೋದ ವರ್ಷ ಡೈರಿಯವರು ಯೆನ್ನೆಕೆಯ ದೊಡ್ಡ ಚಿತ್ರ, ಮೇಲ್ತುಟಿಗೆ ಹಾಲಿನ ಮೀಸೆ ಅಂಟಿಸಿಕೊಂಡದ್ದು, ಊರಿನ ಬಸ್ಸುಗಳ ಹಿಂಭಾಗಕ್ಕೆ ಹಾಕಿಸಿದರು. ಹೆರ್ಮೀನಳ ಬಸ್ಸಿಗೂ ಅದು ಬಂತು.

“ದಿನವಿಡೀ ಅವಳನ್ನ ಎಳ್ಕೊಂಡು ತಿರುಗ್ತೀನಿ ಕಣೆ,” ಎಂದಳು ನನ್ನ ಹತ್ತಿರ. “ಪುಣ್ಯಕ್ಕೆ ಹಿಂದ್ಗಡೆ ಇದೆ. ನಾನು ನೋಡೋ ಹಾಗಿಲ್ಲ.”

ಅವಳ ಹೊಟ್ಟೆಕಿಚ್ಚಿನ ಬಗ್ಗೆ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಯಾರೂ ಅದನ್ನು ದೊಡ್ಡ ವಿಷಯ ಮಾಡುವುದಿಲ್ಲ. ಒಬ್ಬರಿಗೆ ಮಂಡಿನೋವು ಇದ್ದಂತೆ ಇವಳಿಗೆ ಇದು. ಮಂಡಿನೋವೂ ಇದೆ ಅನ್ನಿ.

ಅದಕ್ಕೊಂದು ಹಿನ್ನೆಲೆಯಿದೆ. ಕ್ಲಬ್ಬು ಹೆಣ್ಣುಮಕ್ಕಳ ದೊಡ್ಡ ಲೀಗಿಗೆ ಮೊದಲ ಸಲ ಸೇರಿದಾಗ ಗೋಲಿನಲ್ಲಿ ನಿಂತವಳು ಹೆರ್ಮೀನ್. ಆ ಋತುವಿನಲ್ಲಿ ತಂಡಕ್ಕೆ ಕಟ್ಟಕಡೆಯ ಸ್ಥಾನ. ಹಗಲು ಅಂಗಡಿಯಲ್ಲೋ ಆಸ್ಪತ್ರೆಯಲ್ಲೋ ದುಡಿದು ಸಂಜೆ ಗಂಡಸರು ಬಿಟ್ಟುಕೊಟ್ಟ ಅರ್ಧ ಮೈದಾನದಲ್ಲಿ ಅಭ್ಯಾಸ ಮಾಡಿದ ಹುಡುಗಿಯರು ಇನ್ನೇನು ಮಾಡಿಯಾರು? ಮರುವರ್ಷ ಕೊನೆಯಿಂದ ಎರಡನೆಯದು. ಮೂರನೆಯ ವರ್ಷ ಹೆರ್ಮೀನಳ ಮಂಡಿ ಹೋಯಿತು. ಅವಳು ಊರುಗೋಲು ಬಿಡುವ ಹೊತ್ತಿಗೆ ಕ್ಲಬ್ಬಿಗೆ ಸಂಬಳದ ತರಬೇತುದಾರರು ಬಂದಿದ್ದರು, ಹುಲ್ಲಿನ ಮೈದಾನ ಪೂರ್ತಿ ಸಿಕ್ಕಿತ್ತು, ಅವಳಿಗಿಂತ ತುಂಬ ಚಿಕ್ಕವಳಾದ ಯೆನ್ನೆಕೆ ಕಿರಿಯರ ತಂಡದಿಂದ ಮೇಲೆ ಬಂದಿದ್ದಳು. ಆಮೇಲೆ ತಂಡ ಏರುತ್ತಲೇ ಹೋಯಿತು. ನಡುವಿನ ಸ್ಥಾನ, ನಾಲ್ಕನೆಯದು, ಎರಡನೆಯದು. ಕಪ್ ಪಂದ್ಯಾವಳಿಯ ಫೈನಲ್ ಒಂದನ್ನು ಪೆನಾಲ್ಟಿಯಲ್ಲಿ ಸೋತರು. ಹೋದ ವರ್ಷ ಮತ್ತೆ ಎರಡನೆಯದು. ಲೀಗನ್ನು ಮಾತ್ರ ಎಂದೂ ಗೆದ್ದಿರಲಿಲ್ಲ. ಕ್ಯಾಂಟೀನಿನ ಗೋಡೆಯ ಮರದ ಹಲಗೆಯಲ್ಲಿ ಎರಡನೆಯ ಸ್ಥಾನಗಳೂ ಆ ಫೈನಲ್ಲೂ ಚಿನ್ನದ ಬಣ್ಣದಲ್ಲಿವೆ. ಕಡೆಯ ಸ್ಥಾನವನ್ನು ಯಾರು ಬರೆಯುತ್ತಾರೆ?

ಹೆರ್ಮೀನಳಿಗೆ ಇದಕ್ಕಿಂತ ಹಿಂದಿನ ಸಂಕಟವೂ ಒಂದಿತ್ತು. ಯೆನ್ನೆಕೆ ಚೆಂಡು ಒದೆಯಲು ಕಲಿತದ್ದು ಇವಳ ಮೇಲೆಯೇ. ನಮ್ಮ ಮಾವನ ಹಸು ಸಾಕುವ ಮನೆಯ ಅಂಗಳದಲ್ಲಿ, ಕೊಟ್ಟಿಗೆಯ ಬಾಗಿಲನ್ನೇ ಗೋಲು ಮಾಡಿ, ದೊಡ್ಡವಳನ್ನು ನಿಲ್ಲಿಸಿ ಚಿಕ್ಕವಳು ಒದೆಯುತ್ತಿದ್ದಳಂತೆ. ‘ಅವಳನ್ನ ತಯಾರು ಮಾಡಿದ್ದು ನಾನು, ಲೆಕ್ಕಕ್ಕೆ ಮಾತ್ರ ಇಲ್ಲ’ ಎನ್ನುವುದು ಹೆರ್ಮೀನಳ ಹಳೆಯ ದೂರು.

ಇಷ್ಟು ಕೇಳಿ ಅವಳನ್ನು ಹುಳಿಮುಖದವಳೆಂದುಕೊಳ್ಳಬೇಡಿ. ನನಗೆ ಹಿಲ್ಕೆ ಹುಟ್ಟಿದಾಗ ಯೆನ್ನೆಕೆಯಿಂದ ತೋಳಿಗೆ ನಿಲುಕದಷ್ಟು ದೊಡ್ಡ ಹೂಗುಚ್ಛ ಬಂತು, ಜೊತೆಗೆ ಪತ್ರಿಕೆಯ ಫೋಟೋದವನೂ ಬಂದ. ಹೆರ್ಮೀನ್ ಹಿಂಬಾಗಿಲಿನಿಂದ ಬಟಾಣಿ ಸಾರಿನ ಪಾತ್ರೆ ಹಿಡಿದು ಬಂದಳು, ಬಚ್ಚಲಲ್ಲಿ ಬಿದ್ದಿದ್ದ ಬಟ್ಟೆಗಳನ್ನು ಮಾತಾಡದೆ ಒಗೆದು ಹಾಕಿದಳು, ಕೂಸನ್ನು ಆ ದೊಡ್ಡ ಅಂಗೈಯಲ್ಲಿ ಚೆಂಡು ಹಿಡಿದ ಹಾಗೆ ಎತ್ತಿಕೊಂಡು, ಇದರ ಕೈ ಚೆನ್ನಾಗಿದೆ, ಗೋಲ್‌ಕೀಪರ್ ಮಾಡೋಣ ಎಂದಳು. ನಿಜ ಹೇಳಬೇಕೆಂದರೆ ಕೋಚು ಹೇಳಿದ್ದಾರೆಂದು ರಾತ್ರಿಯಿಡೀ ಅಲುಗದೆ ನಿದ್ದೆ ಮಾಡುವ ಯೆನ್ನೆಕೆಯ ಮೇಲೆ ಆ ದಿನಗಳಲ್ಲಿ ನನಗೂ ಸಣ್ಣಗೆ ಉರಿಯುತ್ತಿತ್ತು.

ಈ ವರ್ಷ ಕೊನೆಯ ಪಂದ್ಯದವರೆಗೆ ನಮ್ಮ ತಂಡ ಮೊದಲ ಸ್ಥಾನದಲ್ಲಿತ್ತು. ಆ ಪಂದ್ಯ ನಮ್ಮೂರಲ್ಲೇ, ಪಶ್ಚಿಮದ ದೊಡ್ಡ ನಗರದ ತಂಡದ ಎದುರು. ಸಮ ಮಾಡಿಕೊಂಡರೆ ಸಾಕು, ಚಾಂಪಿಯನ್ನರಿಗೆ ಕೊಡುವ ಬೆಳ್ಳಿ ತಟ್ಟೆ ಮೊದಲ ಬಾರಿಗೆ ನಮ್ಮದು. ಗೆದ್ದವರನ್ನು ಚಪ್ಪಟೆ ಗಾಡಿಯ ಮೇಲೆ ನಿಲ್ಲಿಸಿ ಟ್ರ್ಯಾಕ್ಟರಿನಿಂದ ಚರ್ಚಿನ ಚೌಕದವರೆಗೆ ಎಳೆಯುವುದು ಇಲ್ಲಿನ ರೂಢಿ. ಹುಲ್ಲು ಸಾಗಿಸುವ ಅಂಥ ಗಾಡಿ, ಹನ್ನೊಂದು ಜನ ನಿಲ್ಲುವಷ್ಟು ಉದ್ದದ್ದು, ಊರಲ್ಲಿ ನಮ್ಮ ಮಾವನದೊಂದೇ. ಮಾವನಿಗೆ ಬೆನ್ನು ಸರಿಯಿಲ್ಲದ್ದರಿಂದ ಅದರ ಉಸ್ತುವಾರಿ ಹೆರ್ಮೀನಳದು. ಕ್ಯಾಂಟೀನ್ ನೋಡಿಕೊಳ್ಳುವ ತೋನಿ ಮುದುಕ ಆ ವಾರ ಗಾಡಿ ಕೇಳಲು ಬಂದ. ಟೈರು ಕೂತಿದೆ, ಆಗಲ್ಲ ಎಂದಳು ಇವಳು. ಟೈರು ನಿಜವಾಗಿಯೂ ಕೂತಿತ್ತು. ಗಾಳಿ ತುಂಬುವ ಯಂತ್ರ ಅದರ ಪಕ್ಕದಲ್ಲೇ ಇತ್ತು.

ತೋನಿ ಹೋದಮೇಲೆ ನಾನು ಯಂತ್ರದ ಕಡೆ ನೋಡಿದೆ. ಅವಳು ನನ್ನ ಕಡೆ ನೋಡಿದಳು.

“ಏನೇ ಹಾಗ್ ನೋಡ್ತೀಯ? ಸೋಲ್ಲಿ ಅಂತ ನಾನು ಬೇಡ್ಕೊಂಡಿಲ್ಲ. ಗೆದ್ರೆ ನಡ್ಕೊಂಡು ಹೋಗ್ಲಿ. ಕಾಲು ಚೆನ್ನಾಗಿದೆಯಲ್ಲ ಅವಕ್ಕೆ.”

“ಯೆನ್ನೆಕೆ ಒಬ್ಬಳೇನಾ ತಂಡದಲ್ಲಿರೋದು?” ಎಂದೆ.

“ಬಸ್ಸನ್ನೂ ಎಳ್ದೆ. ಈಗ ಗಾಡೀನೂ ನಾನೇ ಎಳೀಬೇಕಾ?” ಎಂದು ಒಳಗೆ ಹೋದಳು. ಅವಳು ತಪ್ಪು ಹೇಳಿದಳೆಂದು ನನಗೆ ಅನ್ನಿಸಲಿಲ್ಲ, ಸರಿ ಎಂದೂ ಅನ್ನಿಸಲಿಲ್ಲ. ಊರೆಲ್ಲ ನೋಡುತ್ತಿರುವಾಗ ಮುಂದೆ ಕೂತು, ಬೆನ್ನ ಹಿಂದೆ ತಂಗಿಗೆ ಬೀಳುವ ಚಪ್ಪಾಳೆ ಕೇಳಿಸಿಕೊಳ್ಳುವುದಿತ್ತಲ್ಲ, ಅದು ಅವಳಿಂದ ಆಗದ ಕೆಲಸ.

ಪಂದ್ಯದ ದಿನ ನಾವು ಗೋಲಿನ ಹಿಂದಿನ ಸಾಲಿನಲ್ಲಿ ನಿಂತೆವು. ಹಿಲ್ಕೆ ನನ್ನ ಎದೆಗೆ ಕಟ್ಟಿಕೊಂಡ ಬಟ್ಟೆಯಲ್ಲಿ, ಪಕ್ಕದಲ್ಲಿ ಗಂಡ ಬಾರ್ತೆಲ್, ಆಚೆಗೆ ಅತ್ತೆ, ಕೊನೆಗೆ ಕೈಕಟ್ಟಿ ನಿಂತ ಹೆರ್ಮೀನ್. ಮೊದಲರ್ಧದಲ್ಲೇ ಯೆನ್ನೆಕೆ ಗೋಲು ಹೊಡೆದಳು. ಮುಂದಿನವರು, ಹಿಂದಿನವರು, ಸಾಸೇಜ್ ಬ್ರೆಡ್ ಮಾರುವವನು, ಎಲ್ಲರೂ ಬಂದು ನಮ್ಮ ಕೈ ಕುಲುಕಿದರು. ಮಗಳ ಹೆಸರಲ್ಲಿ, ತಂಗಿಯ ಹೆಸರಲ್ಲಿ, ನಾದಿನಿಯ ಹೆಸರಲ್ಲಿ. ಎದೆಯ ಮೇಲಿನ ಕೂಸಿಗೂ ಸೋದರತ್ತೆಯ ಹೆಸರಲ್ಲಿ. ಹೆರ್ಮೀನಳ ತುಟಿಯ ಮೂಲೆ ಏಳುತ್ತಲೇ ಇತ್ತು. ಆ ಬೆಳ್ಳಿ ತಟ್ಟೆ ಮೀನು ಬಡಿಸೋದಕ್ಕೆ ಚೆನ್ನಾಗಿರುತ್ತೆ ಎಂದು ನನ್ನ ಕಿವಿಯಲ್ಲಿ ಹೇಳಿದಳು.

ಎರಡನೆಯ ಅರ್ಧದಲ್ಲಿ ಅವರು ಸಮ ಮಾಡಿದರು. ಕೊನೆಯ ಗಳಿಗೆಯಲ್ಲಿ ನಮ್ಮವಳೊಬ್ಬಳ ಕೈಗೆ ಚೆಂಡು ತಗಲಿ ಅವರಿಗೆ ಪೆನಾಲ್ಟಿ ಸಿಕ್ಕಿತು. ಅತ್ತೆ ಕಣ್ಣು ಮುಚ್ಚಿಕೊಂಡರು.

ನಮ್ಮ ಗೋಲಿನಲ್ಲಿದ್ದವಳು ಸೀಟ್ಸ್ಕೆ, ಉತ್ತರದ ಹುಡುಗಿ, ಇನ್ನೂ ಇಪ್ಪತ್ತಾಗಿಲ್ಲ. ಬಸ್ಸಿನಲ್ಲಿ ಹಿಂದೆ ಕೂತರೆ ಅವಳಿಗೆ ವಾಂತಿ ಬರುತ್ತದೆ, ಆದ್ದರಿಂದ ಯಾವಾಗಲೂ ಡ್ರೈವರ್ ಪಕ್ಕದ ಸೀಟು. ಯೆನ್ನೆಕೆ ಹಿಂದುಗಡೆ ಕಿವಿಗೆ ಹಾಡು ತುರುಕಿಕೊಂಡು ಕೂತಿರುವಾಗ ಹೆರ್ಮೀನ್ ಮುಂದೆ ಈ ಹುಡುಗಿಯ ಹತ್ತಿರ ತಂಗಿಯ ಮೇಲಿನ ದೂರುಗಳನ್ನೆಲ್ಲ ಒಂದೊಂದಾಗಿ ಬಿಚ್ಚುತ್ತಿದ್ದಳು. ಇದು ನಮಗೆ ಗೊತ್ತಾದದ್ದು ಆಮೇಲೆ.

ಎದುರಾಳಿ ಓಡಿ ಬಂದಳು. ಗೋಲ್‌ಕೀಪರುಗಳು ಒಂದಲ್ಲ ಒಂದು ಬದಿಗೆ ಹಾರುತ್ತಾರೆ, ಎಲ್ಲರೂ ನೋಡಿದ್ದೇವೆ. ಸೀಟ್ಸ್ಕೆ ಹಾರಲಿಲ್ಲ. ಕಂಬ ನೆಟ್ಟ ಹಾಗೆ ನಡುವೆ ನಿಂತಿದ್ದಳು. ಚೆಂಡು ಅವಳ ಎದೆಗೇ ಬಂದು ಬಡಿಯಿತು, ಅವಳು ಅದನ್ನು ಅಪ್ಪಿಕೊಂಡಳು. ಪಂದ್ಯ ಮುಗಿದ ಸೀಟಿ ಕೇಳಿತು.

ಆಮೇಲಿನ ಗದ್ದಲದಲ್ಲಿ ಹಿಲ್ಕೆ ಅತ್ತದ್ದು ನನಗೇ ಕೇಳಿಸಲಿಲ್ಲ. ಟೀವಿಯವರು ಸೀಟ್ಸ್ಕೆಯ ಮುಂದೆ ಮೈಕು ಹಿಡಿದರು, ಅವಳ ಮಾತು ಮೈದಾನದ ಧ್ವನಿವರ್ಧಕದಲ್ಲಿ ಎಲ್ಲರಿಗೂ ಕೇಳಿತು. ಏಕೆ ಹಾರಲಿಲ್ಲ ಎಂದು ಕೇಳಿದ್ದರು.

“ನಮ್ ಬಸ್ಸಿನ ಹೆರ್ಮೀನ್ ಹೇಳಿದ್ಳು. ಅವ್ರ ಮನೆ ಅಂಗಳಕ್ಕೆಲ್ಲ ಇಟ್ಟಿಗೆ ಹಾಸಿತ್ತಂತೆ, ಹಾರಿ ಬಿದ್ರೆ ಮೊಣಕೈ ಕಿತ್ತುಹೋಗುತ್ತೆ ಅಂತ ಅವ್ಳು ಬೀಳ್ತಾನೇ ಇರ್ಲಿಲ್ಲವಂತೆ. ನಿಂತ್ರೆ ಯೆನ್ನೆಕೆಗೆ ಗೋಲು ಹೊಡೆಯೋಕಾಗ್ದೆ ಅಮ್ಮನ ಹತ್ರ ಅಳ್ತಾ ಓಡ್ತಿದ್ಳಂತೆ.” ಮೈದಾನವೆಲ್ಲ ನಕ್ಕಿತು. “ನಂಗೂ ಬೇರೇನೂ ತೋಚಲಿಲ್ಲ. ಸುಮ್ನೆ ನಿಂತೆ.”

ಅತ್ತೆ ಕಣ್ಣು ಬಿಟ್ಟು, ಹೌದು, ಅಳುತ್ತಾ ಬರುತ್ತಿದ್ದಳು, ಬಾಯಿಗೆ ಬಿಸ್ಕತ್ತು ಇಟ್ಟರೇ ಸುಮ್ಮನಾಗುತ್ತಿದ್ದುದು ಎಂದರು. ಹೆರ್ಮೀನ್ ಕಟ್ಟಿದ್ದ ಕೈ ಬಿಚ್ಚಿದಳು. ಎಲ್ಲಿ ಇಡಬೇಕೆಂದು ತಿಳಿಯದವಳ ಹಾಗೆ ಆ ದೊಡ್ಡ ಕೈಗಳನ್ನು ಜೇಬಿಗೆ ಹಾಕಿ, ಹೊರತೆಗೆದು, ಬಾರ್ತೆಲ್‌ನ ತೋಳು ಹಿಡಿದಳು.

“ಬಾರೋ. ಟೈರಿಗೆ ಗಾಳಿ ಹಾಕ್ಬೇಕು.”

ಬೆಳ್ಳಿ ತಟ್ಟೆ ಕೈಯಿಂದ ಕೈಗೆ ಹೋಗಿ ಮುಗಿಯುವ ಹೊತ್ತಿಗೆ ಅವರಿಬ್ಬರೂ ಟ್ರ್ಯಾಕ್ಟರಿಗೆ ಗಾಡಿ ಕಟ್ಟಿಕೊಂಡು ಗೇಟಿನ ಹತ್ತಿರ ಬಂದಿದ್ದರು. ಗಾಡಿಯ ಹಲಗೆಯ ಮೇಲೆ ಇನ್ನೂ ಹುಲ್ಲುಕಡ್ಡಿ ಇತ್ತು, ಗುಡಿಸಲು ಪುರುಸೊತ್ತಾಗಿರಲಿಲ್ಲ. ಹುಡುಗಿಯರು ಹತ್ತಿದರು. ತಟ್ಟೆ ಸೀಟ್ಸ್ಕೆಯ ತಲೆಯ ಮೇಲಿತ್ತು. ಯೆನ್ನೆಕೆ ಮುಂಭಾಗದಲ್ಲಿ, ಟ್ರ್ಯಾಕ್ಟರಿಗೆ ಹತ್ತಿರ ನಿಂತಿದ್ದಳು. ಆ ದಿನದ ಗೋಲು ಅವಳದೇ, ಆದರೆ ಜನ ಕೂಗುತ್ತಿದ್ದುದು ‘ಸೀಟ್ಸ್ಕೆ’ ಎಂದು, ನಡುನಡುವೆ ‘ಹೆರ್ಮೀನ್’ ಎಂದು. ನಾನು ಕೂಸನ್ನು ಎದೆಗೆ ಒತ್ತಿಕೊಂಡು ಗಾಡಿಯ ಪಕ್ಕದಲ್ಲೇ ನಿಂತಿದ್ದೆ, ಆದ್ದರಿಂದ ಮುಂದಿನದನ್ನು ಚೆನ್ನಾಗಿ ನೋಡಿದೆ.

ಗಾಡಿ ಇನ್ನೂ ಕದಲುವ ಮುಂಚೆ ತೋನಿ ಮುದುಕ ಜನರನ್ನು ತಳ್ಳಿಕೊಂಡು ಬಂದು ಯೆನ್ನೆಕೆಯತ್ತ ಕೈ ಚಾಚಿದ. ಅವಳು ಬಗ್ಗಿ ಕೈ ಕೊಟ್ಟಳು.

“ಅಭಿನಂದನೆ ಕಣಮ್ಮ,” ಎಂದ ತೋನಿ, “ನಿಮ್ಮಕ್ಕನ ಹೆಸ್ರಲ್ಲಿ.”

ಅವನ ಹಿಂದೆ ಬೇಕರಿಯವಳು ಬಂದಳು, ಅದೇ ಮಾತು. ಆಮೇಲೆ ಹಲ್ಲಿನ ಡಾಕ್ಟರು. ಯೆನ್ನೆಕೆಯ ತುಟಿಯ ಒಂದು ಮೂಲೆ ಎದ್ದಿತು. ಹಲ್ಲು ಕಾಣಲಿಲ್ಲ. ಅಕ್ಕತಂಗಿಯರು ಒಂದೇ ಅಚ್ಚು ಎಂದು ಅತ್ತೆ ಹೇಳುತ್ತಿದ್ದುದು ನನಗೆ ಆವತ್ತೇ ಮೊದಲ ಸಲ ಕಂಡದ್ದು.

“ಥ್ಯಾಂಕ್ಸ್,” ಎಂದಳು.

ಮಾವನ ಆ ಹಳೆಯ ಟ್ರ್ಯಾಕ್ಟರಿಗೆ ಒಂದೇ ಕನ್ನಡಿ. ವರ್ಷಗಳಿಂದ ಅದು ಒಳಕ್ಕೆ ಮಡಚಿಕೊಂಡೇ ಇತ್ತು. ಹೆರ್ಮೀನಳ ಅಗಲವಾದ ಕೈ ಕಿಟಕಿಯಿಂದ ಹೊರಗೆ ಬಂತು, ಕನ್ನಡಿಯನ್ನು ಬಿಚ್ಚಿತು, ಧೂಳು ಒರೆಸಿತು, ಮೇಲಕ್ಕೆ ಸ್ವಲ್ಪ, ಎಡಕ್ಕೆ ಸ್ವಲ್ಪ ತಿರುಗಿಸಿತು, ತಂಗಿಯ ಮುಖ ಅದರಲ್ಲಿ ಪೂರ್ತಿ ಕೂರುವ ತನಕ.

ಚರ್ಚಿನ ಚೌಕಕ್ಕೆ ಹತ್ತು ಹೆಜ್ಜೆಯ ದಾರಿ ಎಂಬಷ್ಟು ಹತ್ತಿರ. ಅವಳು ಊರನ್ನೆಲ್ಲ ಸುತ್ತಿ ಹೋದಳು, ಒಂದನೆಯ ಗೇರಿನಲ್ಲೇ, ನಿಧಾನವಾಗಿ.