ಅತ್ತೆಗೆ ಸಿನಿಮಾ ಹೇಳುವ ಕೆಲಸ

ಹಳೆಯ ಸಿನಿಮಾ ಒಳ್ಳೆಯದೋ ಹೊಸದೋ ಎಂದು ಯಾರಾದರೂ ಕೇಳಿದರೆ ಸುಲೋಚನಾ ಯೋಚಿಸಲು ಹೋಗುವುದಿಲ್ಲ. ಹಳೆಯದೇ ಒಳ್ಳೆಯದು. ಕಥೆ, ಸಂಗೀತ, ಸಂಸಾರದ ನೀತಿ ಎಲ್ಲ ಆಮೇಲಿನ ಮಾತು. ಹಳೆಯ ಸಿನಿಮಾದ ಜನ ಮಾಡುವುದನ್ನೆಲ್ಲ ಬಾಯಿಬಿಟ್ಟು ಹೇಳುತ್ತಿದ್ದರು. ವಿಷ ಕುಡಿಯುವವಳು ‘ಇಗೋ, ವಿಷ ಕುಡಿಯುತ್ತಿದ್ದೇನೆ’ ಎಂದು ಊರಿಗೆಲ್ಲ ಸಾರಿಯೇ ಕುಡಿಯುತ್ತಿದ್ದಳು. ಬಾಗಿಲಲ್ಲಿ ಯಾರಾದರೂ ಬಂದು ನಿಂತರೆ ‘ಅಪ್ಪಾ, ನೀವಾ! ಈ ಮಳೆಯಲ್ಲಿ!’ ಎಂದು ಮಗ ಕೂಗುತ್ತಿದ್ದ. ಪುಣ್ಯಾತ್ಮರು. ಈಗಿನವರು ಕಿಟಕಿಯ ಹೊರಗೆ ನೋಡುತ್ತಾರೆ, ಕಾಫಿ ಲೋಟ ತಿರುಗಿಸುತ್ತಾರೆ, ಹಿಂದೆ ಪಿಟೀಲು ಅಳುತ್ತದೆ, ಒಬ್ಬರೂ ತುಟಿ ಬಿಚ್ಚುವುದಿಲ್ಲ. ಅವರು ಬಾಯಿ ಮುಚ್ಚಿಕೊಂಡಾಗಲೆಲ್ಲ ಸುಲೋಚನಾ ಬಾಯಿ ತೆರೆಯಬೇಕು.

ಯಾಕೆಂದರೆ ಪಕ್ಕದ ಕುರ್ಚಿಯಲ್ಲಿ ಅತ್ತೆ ದುರ್ಗಾಂಬ ಕೂತಿರುತ್ತಾರೆ. ಸಕ್ಕರೆ ಕಾಯಿಲೆ ಅವರ ಎರಡೂ ಕಣ್ಣುಗಳನ್ನು ತಿಂದುಹಾಕಿದೆ. ಕಿವಿ ಮಾತ್ರ ಹದಿನಾರರ ಹುಡುಗಿಯದು. ವಿಜಯವಾಡದ ಸತ್ಯನಾರಾಯಣಪುರದ ಆ ಮನೆಯಲ್ಲಿ ಮಧ್ಯಾಹ್ನದ ಊಟವಾಗಿ ಪಾತ್ರೆ ತೊಳೆದು ಮುಗಿಯುವಷ್ಟರಲ್ಲಿ, ನಡುಮನೆಯಿಂದ ಅತ್ತೆಯ ಕರೆ ಬರುತ್ತದೆ.

“ಆತೇನವ್ವಾ ನಿನ್ನ ಕೆಲಸ? ಸಿನಿಮಾ ಹಚ್ಚು ಮತ್ತ.”

ಸಿನಿಮಾ ಹಚ್ಚುವುದು ಎಂದರೆ ಟಿವಿ ಹಾಕಿ ಹೊರಟುಹೋಗುವುದಲ್ಲ. ಯಾರು ಎಲ್ಲಿ ನಿಂತರು, ಯಾರ ಮುಖ ಸಣ್ಣಗಾಯಿತು, ಮನೆ ದೊಡ್ಡದೋ ಚಿಕ್ಕದೋ, ಸೀರೆ ಯಾವ ಬಣ್ಣದ್ದು, ಎಲ್ಲ ಹೇಳಬೇಕು. ಕಪ್ಪು-ಬಿಳುಪು ಚಿತ್ರದಲ್ಲೂ ಸೀರೆಯ ಬಣ್ಣ ಬೇಕು ಈ ಮಹಾತಾಯಿಗೆ. ಮೈಯಲ್ಲಿ ಕಸುವಿದ್ದ ದಿನ ಸುಲೋಚನಾ ಗಿಳಿಹಸಿರು, ಕೆಂಪು ಅಂಚು ಎನ್ನುತ್ತಾಳೆ. ಇಲ್ಲದ ದಿನ ಬರೀ ಕಪ್ಪು.

ಈ ಕೆಲಸಕ್ಕೆ ಮನೆತನದ ಇತಿಹಾಸವೂ ಇದೆ. ದುರ್ಗಾಂಬ ಹೊಸಪೇಟೆಯಿಂದ ಮದುವೆಯಾಗಿ ಈ ಊರಿಗೆ ಬಂದಾಗ ತೆಲುಗು ಒಂದಕ್ಷರ ಬರುತ್ತಿರಲಿಲ್ಲ. ಅವರ ಅತ್ತೆ ಟಾಕೀಸಿನಲ್ಲಿ ಪಕ್ಕಕ್ಕೆ ಕೂರಿಸಿಕೊಂಡು ಒಂದೊಂದು ಮಾತಿಗೂ ಕಿವಿಯಲ್ಲಿ ಕನ್ನಡ ಊದುತ್ತಿದ್ದರಂತೆ. ಹಿಂದಿನ ಸಾಲಿನವರು ಬೈದರೂ ಬಿಡುತ್ತಿರಲಿಲ್ಲವಂತೆ. ಹಾಗಾಗಿ ಸಿನಿಮಾ ಎಂದರೆ ಒಬ್ಬರು ನೋಡುವುದು, ಒಬ್ಬರು ಹೇಳುವುದು ಎಂದೇ ದುರ್ಗಾಂಬ ತಿಳಿದುಕೊಂಡಿದ್ದಾರೆ. ತುಮಕೂರಿನಿಂದ ಬಂದ ಸೊಸೆ ಅದನ್ನು ಹೊರೆ ಎಂದುಕೊಳ್ಳಬಹುದು ಎಂಬುದು ಅವರ ತಲೆಗೆ ಹೊಳೆದೇ ಇಲ್ಲ.

ಹೊಡೆದಾಟದ ಹೊಸ ಚಿತ್ರಗಳೆಂದರೆ ಸುಲೋಚನಾಗೆ ತಲೆನೋವು. “ಹೊಡೀತಿದಾನೆ ಅತ್ತೆ… ಇನ್ನೂ ಹೊಡೀತಿದಾನೆ… ಈಗ ಕಾರಿಂದ ಹೊಡೀತಿದಾನೆ.”

“ಇಷ್ಟು ಮಂದೀನ್ನ ಹೊಡದಾನಲ್ಲ, ಇವ ಊಟ ಯಾವಾಗ ಮಾಡ್ತಾನ?” ಎಂದು ದುರ್ಗಾಂಬ ಕೇಳುತ್ತಾರೆ. ಹೊಸ ಸಿನಿಮಾಗಳ ಬಗ್ಗೆ ಅವರ ದೊಡ್ಡ ತಕರಾರೇ ಅದು: ಯಾರೂ ಕೂತು ಉಣ್ಣುವುದಿಲ್ಲ. ಪತ್ತೇದಾರಿ ಚಿತ್ರವಾದರೆ ಇನ್ನೊಂದು ಪೀಡೆ. ಮೊಬೈಲಿನಲ್ಲಿ ಬಂದ ಮೆಸೇಜನ್ನು ಪರದೆಯ ತುಂಬ ತೋರಿಸುತ್ತಾರೆ. ಸುಲೋಚನಾ ಕನ್ನಡಕ ಹುಡುಕಿ ಹಾಕಿಕೊಳ್ಳುವಷ್ಟರಲ್ಲಿ ಅದು ಮಾಯವಾಗಿ, ಕೊಲೆಗಾರ ಯಾರೆಂದು ಅತ್ತೆ-ಸೊಸೆ ಇಬ್ಬರಿಗೂ ಗೊತ್ತಾಗದೆ ಸಿನಿಮಾ ಮುಗಿಯುತ್ತದೆ. ಹಳೆಯದರಲ್ಲೂ ಹುಳುಕಿಲ್ಲ ಎಂದಲ್ಲ. ಹೊಟ್ಟೆ ಬಂದ ನಾಯಕ ಪುಸ್ತಕ ಹಿಡಿದು ಕಾಲೇಜಿಗೆ ಓಡುವಾಗ ಸುಲೋಚನಾಗೆ ನಗು ತಡೆಯಲಾಗುವುದಿಲ್ಲ. “ಹುಡುಗ ಹೆಂಗದಾನ?” ಎಂದು ಅತ್ತೆ ಕೇಳಿದರೆ “ಲಕ್ಷಣವಾಗಿದಾನೆ” ಎಂದುಬಿಡುತ್ತಾಳೆ. ವಯಸ್ಸಾದವರ ಮನಸ್ಸು ಯಾಕೆ ಮುರಿಯಬೇಕು?

ಗಂಡ ರಾಮಮೋಹನ್ ಬ್ಯಾಂಕಿನಿಂದ ನಿವೃತ್ತನಾದ ಮೇಲೆ ಈ ಹೊತ್ತಿನಲ್ಲಿ ಒಳಗಿನ ಕೋಣೆಯಲ್ಲಿ ಫ್ಯಾನಿನ ಕೆಳಗೆ ನಿದ್ದೆ ಮಾಡುತ್ತಾನೆ. ಬೆಳಗ್ಗೆ ಐದಕ್ಕೆ ಎದ್ದು, ಅತ್ತೆಗೆ ಸ್ನಾನ ಮಾಡಿಸಿ, ಇಂಜೆಕ್ಷನ್ ಕೊಟ್ಟು, ಅಡುಗೆ ಮುಗಿಸಿ, ಆಮೇಲೆ ಸಂಜೆಯವರೆಗೆ ಮಾತಾಡಿ ಮಾತಾಡಿ ಗಂಟಲು ಒಣಗಿದ ಸುಲೋಚನಾ ಒಮ್ಮೆ “ನಂಗೆ ತುಂಬ ಸುಸ್ತಾಗ್ತಿದೆ ಕಣ್ರೀ” ಎಂದಿದ್ದಳು.

“ಮಧ್ಯಾಹ್ನವೆಲ್ಲ ಕೂತೇ ಇರ್ತೀಯಲ್ಲೇ,” ಎಂದಿದ್ದ ಅವನು, ನಿಜವಾಗಿಯೂ ಆಶ್ಚರ್ಯದಿಂದ. “ಸಿನಿಮಾ ನೋಡೋಕೂ ಸುಸ್ತಾ?”

ಅವಳು ಆಮೇಲೆ ಆ ಮಾತೆತ್ತಲಿಲ್ಲ. ಆದರೆ ಅದು ಮುಳ್ಳಿನ ಹಾಗೆ ಒಳಗೇ ಉಳಿಯಿತು. ಅನ್ನ ಮಾಡಿದರೆ ಅನ್ನ ಕಾಣುತ್ತದೆ, ಬಟ್ಟೆ ಒಗೆದರೆ ಹಗ್ಗದ ಮೇಲೆ ಕಾಣುತ್ತದೆ. ಕಣ್ಣಿಲ್ಲದವರಿಗೆ ಕಣ್ಣಾಗಿ ಕೂತದ್ದು ಯಾರಿಗೂ ಕಾಣುವುದಿಲ್ಲ.

ಆ ಬೇಸಿಗೆಯಲ್ಲಿ ವಿಶಾಖಪಟ್ಟಣದಿಂದ ಮಗಳು ಅರ್ಪಿತಾ ಫೋನ್ ಮಾಡಿದಳು. ಅವಳಿಗೂ ಅಳಿಯ ತೇಜನಿಗೂ ಆ ಊರಿನ ಅಂಚಿನ ದುವ್ವಾಡದ ಕಂಪನಿಯೊಂದರಲ್ಲಿ ಕೆಲಸ. “ಅಮ್ಮಾ, ಒಂದು ವಾರಂ ಬಂದು ಇದ್ದು ಹೋಗು. ಏನೂ ಮಾಡೋದು ಬೇಡ. ಬರೀ ಮಲ್ಕೋ.”

ಬರೀ ಮಲಗುವುದು! ಸುಲೋಚನಾಗೆ ಬಾಯಲ್ಲಿ ನೀರೂರಿತು. ರಾಮಮೋಹನ್ ಪೇಪರಿನ ಹಿಂದಿನಿಂದಲೇ ಹೇಳಿದ: “ಅಡುಗೆಗೆ ಯಾರನ್ನಾದ್ರೂ ಗೊತ್ತು ಮಾಡಬಹುದು. ಇಂಜೆಕ್ಷನ್ ನಾನು ಕೊಡ್ತೀನಿ. ಅವ್ವಂಗೆ ಸಿನಿಮಾ ಯಾರು ಹೇಳ್ತಾರೆ? ಮುಂದಿನ ತಿಂಗಳು ನೋಡೋಣ ಬಿಡು.” ಇದೇ ಮಾತನ್ನು ಹಿಂದಿನ ತಿಂಗಳೂ ಹೇಳಿದ್ದ.

ಅಂದು ಮಧ್ಯಾಹ್ನ ಹಾಕಿದ್ದು ಹೊಸ ಚಿತ್ರ. ಬಹುಮಾನ ಬಂದಿದೆ ಎಂದು ಎದುರು ಮನೆಯ ಸಾಯಿಪ್ರಿಯಾ ಹೊಗಳಿದ್ದಳು. ಬಹುಮಾನ ಬಂದದ್ದು ಮೌನಕ್ಕೇ ಇರಬೇಕು. ಒಬ್ಬ ಹೆಂಗಸು ಅಡುಗೆಮನೆಯ ಕಿಟಕಿಯ ಹತ್ತಿರ ಸ್ಟೂಲಿನ ಮೇಲೆ ಕೂತಳು. ಕೂತಳು ಎಂದರೆ ಕೂತೇ ಇದ್ದಳು.

“ಏನಾತು?” ದುರ್ಗಾಂಬ ಕೇಳಿದರು.

“ಕೂತಿದಾಳೆ ಅತ್ತೆ.”

“ಇನ್ನಾ?”

“ಇನ್ನೂ ಕೂತಿದಾಳೆ.”

“ಏಳಂಗಿಲ್ಲೇನು ಅಕಿ?”

ಸುಲೋಚನಾಗೆ ಏನಾಯಿತೋ. ಟಿವಿಯಲ್ಲಿ ಆ ಹೆಂಗಸು ಕದಲಿರಲಿಲ್ಲ. ಆದರೂ ಅವಳು, “ಎದ್ಲು,” ಎಂದಳು. “ಸೆರಗಲ್ಲಿ ಕೈ ಒರೆಸ್ಕೊಂಡ್ಲು. ಮೇಲಿಂದ ಬ್ಯಾಗ್ ಇಳಿಸಿದ್ಲು. ಸೀರೆ ತುಂಬ್ತಿದಾಳೆ. ಬಾಗಿಲು ಎಳ್ಕೊಂಡು ಹೊರಟ್ಲು… ಆಟೋ ಹತ್ತಿದ್ಲು… ಸ್ಟೇಷನ್ನು.”

“ಒಬ್ಬಾಕೀನ?”

“ಒಬ್ಬಳೇ. ರೈಲಲ್ಲಿ ಕಿಟಕಿ ಪಕ್ಕ ಸಿಕ್ಕಿದೆ. ಯಾರೂ ಮಾತಾಡಿಸ್ತಿಲ್ಲ ಅವಳನ್ನ. ಈಗ ಸಮುದ್ರ ಕಾಣ್ತಿದೆ ಅತ್ತೆ.”

ದುರ್ಗಾಂಬ ಮುಂದಕ್ಕೆ ಬಾಗಿ ಕೂತರು. “ಮನ್ಯಾಗ ಯಾರದಾರ?”

“ಗಂಡ ಇದಾನೆ.” ಸುಲೋಚನಾಳ ದನಿ ತಗ್ಗಿತು. “ಅತ್ತೆ ಇದಾರೆ.”

ಅಷ್ಟರಲ್ಲಿ ಟಿವಿಯಲ್ಲಿ ಕುಕ್ಕರ್ ಕೂಗಿತು. ಗಂಡಸಿನ ದನಿಯೊಂದು ಟೀ ಕೇಳಿತು. ಆ ಹೆಂಗಸು ಅಡುಗೆಮನೆಯಿಂದಲೇ ‘ವಸ್ತುನ್ನಾ’, ಬಂದೆ, ಎಂದು ಓಗೊಟ್ಟಳು.

ಸಮುದ್ರದ ದಡದಲ್ಲಿ ಕುಕ್ಕರ್ ಕೂಗುವುದಿಲ್ಲ. ಅದು ತಿಳಿಯಲು ಕಣ್ಣು ಬೇಕಿಲ್ಲ. ಸುಲೋಚನಾ ಕೈಯಲ್ಲಿದ್ದ ರಿಮೋಟನ್ನು ನೋಡುತ್ತ ಕೂತಳು. ಈಗ ಅತ್ತೆ ಬೈಯುತ್ತಾರೆ, ಕುರುಡಿಗೆ ಮೋಸ ಮಾಡಿದೆಯಾ ಎನ್ನುತ್ತಾರೆ ಎಂದು ಕಾದಳು. ದುರ್ಗಾಂಬ ಟಿವಿಯ ಕಡೆಗಿದ್ದ ಮುಖವನ್ನು ಸೊಸೆಯ ಕಡೆ ತಿರುಗಿಸಿದರು.

“ಹೋಗಿಲ್ಲ ಹಂಗಾರ ಅಕಿ,” ಎಂದರು.

“ಇಲ್ಲ ಅತ್ತೆ.” ಅಳಬಾರದು ಎಂದುಕೊಂಡಿದ್ದಳು, ಅಳು ಬಂದೇಬಿಟ್ಟಿತು. “ಸಾಕಾಗಿದೆ ಅತ್ತೆ ನಂಗೆ.”

“ಟಿವಿ ಆರಿಸು.”

ಆರಿಸಿದಳು. ಒಳಗಿನಿಂದ ರಾಮಮೋಹನನ ಗೊರಕೆ ಕೇಳುತ್ತಿತ್ತು. ದುರ್ಗಾಂಬ ಮೊಣಕಾಲು ನೀವಿಕೊಳ್ಳುತ್ತ, ಎಂದಿನ ಹಾಗೆ ಚಿತ್ರದ ಬಗ್ಗೆ ತಮ್ಮ ತೀರ್ಪು ಹೇಳಿದರು. “ಈ ಸಿನಿಮಾ ಚಲೋ ಇಲ್ಲ. ನೀ ಹೇಳಿದ್ದ ಚಲೋ ಇತ್ತು.”

ಸಂಜೆ ಮಗನನ್ನು ಕರೆದು ಟಿಕೆಟ್ ಮಾಡಿಸಲು ಹೇಳಿದರು. ಅವನು ‘ಆದರೆ ಅವ್ವಾ’ ಎಂದು ರಾಗ ಎಳೆಯುತ್ತಿದ್ದಂತೆ, “ನಿಂಗ ಕಣ್ಣದಾವಲ್ಲ? ನೀ ಹೇಳು,” ಎಂದು ಬಾಯಿ ಮುಚ್ಚಿಸಿದರು. ಸುಲೋಚನಾ ಮರುದಿನದ ಗಾಡಿ ಹತ್ತಿದಳು. ಕಿಟಕಿಯ ಪಕ್ಕ ಸಿಗಲಿಲ್ಲ. ನಡುವಿನ ಸೀಟಿನಲ್ಲಿ ಇಬ್ಬರು ದಪ್ಪನೆಯವರ ಮಧ್ಯೆ ಒತ್ತಿಕೊಂಡು ದುವ್ವಾಡದವರೆಗೂ ತೂಕಡಿಸಿದಳು.

ಅಳಿಯ ತೇಜ ಒಳ್ಳೆಯ ಹುಡುಗ. ಅವನ ಒಳ್ಳೆಯತನವೇ ತೊಂದರೆ. “ಅತ್ತಯ್ಯಗಾರು, ಈವತ್ತು ಸಾಯಂಕಾಲ ಬೀಚ್, ನಾಳೆ ಸಿಂಹಾಚಲಂ ನರಸಿಂಹ ಸ್ವಾಮಿ ಗುಡಿ, ಎಲ್ಲುಂಡಿ, ಅಂದ್ರೆ ನಾಡಿದ್ದು, ಸಿನಿಮಾ” ಎಂದು ತನಗೆ ಬಂದಷ್ಟು ಕನ್ನಡಕ್ಕೆ ತೆಲುಗು ಬೆರೆಸಿ ಪಟ್ಟಿ ಒಪ್ಪಿಸಿದ. ಸಿನಿಮಾ ಎಂಬ ಶಬ್ದ ಕೇಳಿದೊಡನೆ ಸುಲೋಚನಾಳ ಮುಖ ಹೇಗಾಯಿತೆಂದರೆ, ಅರ್ಪಿತಾ ಗಂಡನ ಮೊಣಕೈ ಚಿವುಟಿ ಹೊರಗೆ ಕರೆದುಕೊಂಡು ಹೋದಳು. ಸಮುದ್ರವನ್ನೂ ನರಸಿಂಹ ಸ್ವಾಮಿಯನ್ನೂ ಮುಂದಕ್ಕೆ ಹಾಕಿ ಸುಲೋಚನಾ ಮಲಗಿದಳು. ನಿದ್ದೆ ಮಾತ್ರ ಹತ್ತಿರ ಸುಳಿಯಲಿಲ್ಲ. ಅಲ್ಲಿ ಏನು ನಡೆಯುತ್ತಿದೆಯೋ, ಅತ್ತೆ ಸುಮ್ಮನೆ ಗೋಡೆಯ ಕಡೆ ಮುಖ ಮಾಡಿ ಕೂತಿದ್ದಾರೋ ಎಂದು ಜೀವ ಹೊಡೆದುಕೊಳ್ಳುತ್ತಿತ್ತು. ಬಂದದ್ದೇ ತಪ್ಪಾಯಿತೇನೋ ಎನಿಸಿತು.

ಎರಡನೆಯ ಮಧ್ಯಾಹ್ನ ಫೋನ್ ಬಂತು. ಅತ್ತೆಯದೇ.

“ಏನ್ ಮಾಡಾಕತ್ತಿ?”

“ಮಲಗಿದೀನಿ ಅತ್ತೆ. ನಿದ್ದೆ ಬರ್ತಿಲ್ಲ. ನಾಳೇನೇ ಬಂದ್ಬಿಡ್ಲಾ?”

“ಬ್ಯಾಡ. ನಿನ್ನ ಗಂಡ ಹಳೇದೊಂದು ಸಿನಿಮಾ ಹಚ್ಚಿ ಕುರ್ಚ್ಯಾಗ ಮಲಗ್ಯಾನ. ‘ಬಂದ, ಹೋದ’ ಇಷ್ಟ ಹೇಳ್ತಾನ ಅಂವ. ನಾ ನೋಡಿದ ಸಿನಿಮಾನ ಐತಿ ಇದು, ಕಣ್ಣಿದ್ದಾಗ. ಫೋನು ಕಿವಿ ಹತ್ರ ಇಟ್ಕೊಂಡು ಕಣ್ಣು ಮುಚ್ಚು. ಇವತ್ತ ನಾ ಹೇಳ್ತೀನಿ.”

ಸುಲೋಚನಾ ನಗುತ್ತ ಕಣ್ಣು ಮುಚ್ಚಿದಳು. ದುರ್ಗಾಂಬ ಹೇಳತೊಡಗಿದರು. ದೊಡ್ಡ ಮನೆ, ಮೆಟ್ಟಿಲು ಇಳಿಯುವ ಹುಡುಗಿ, ಕೈಯಲ್ಲಿ ಹೂವಿನ ಬುಟ್ಟಿ. ನಡುವೆ ಒಂದು ಹಾಡು ಶುರುವಾಯಿತು. “ಹಾಡು ಬಂದಾಗ ನೀ ಕೂತಲ್ಲೇ ನಿದ್ದಿ ಮಾಡ್ತಿದ್ದಿ, ನಂಗ ಗೊತ್ತು. ಈಗೂ ಮಾಡು,” ಎಂದದ್ದು ಕಿವಿಗೆ ಬಿತ್ತು. ಆಮೇಲಿನದು ಬೀಳಲಿಲ್ಲ.

ಎಚ್ಚರವಾದಾಗ ಕೋಣೆಯಲ್ಲಿ ಬೆಳಕು ಮಂದವಾಗಿತ್ತು. ಕಿವಿಯ ಹತ್ತಿರ ಫೋನು ಬೆಚ್ಚಗಿತ್ತು. ಅತ್ತೆ ಇನ್ನೂ ಹೇಳುತ್ತಲೇ ಇದ್ದರು. ದನಿ ಕಟ್ಟಿ, ಮಾತು ಮಾತಿಗೂ ಕೆಮ್ಮು ಬರುತ್ತಿತ್ತು.

“ಅತ್ತೆ!” ಸುಲೋಚನಾ ದಡಕ್ಕನೆ ಎದ್ದು ಕೂತಳು. “ಇಷ್ಟು ಹೊತ್ತೂ ಹೇಳ್ತಾನೇ ಇದ್ರಾ? ನಾನು ನಿದ್ದೆ ಹೋಗಿದ್ದೆ.”

“ಗೊತ್ತಾತು, ಉಸುರು ಕೇಳ್ತಿತ್ತು. ನಿಲ್ಲಿಸಿದ್ರ ಎದ್ದೀ ಅಂತ ಹೇಳ್ಕೋಂತ ಹೋದೆ.” ದುರ್ಗಾಂಬ ನೀರು ಕುಡಿದ ಸದ್ದಾಯಿತು. “ಗಂಟಲು ಹರದು ಹೋತು ತಾಯಿ. ಮಾತಿಲ್ಲದ ಕಡಿ ಏನ್ ಹೇಳ್ಬೇಕು ಅಂತ ತೋಚಲಿಲ್ಲ, ಬಾಯಿಗೆ ಬಂದದ್ದು ಹೇಳಿದೆ. ಒಂದು ಸಿನಿಮಾಕ್ಕ ಮೈಯೆಲ್ಲ ಸೋತು ಬಂತು ನಂಗ. ದಿನಾ ಹೆಂಗ ಮಾಡ್ತಿದ್ದೀ ಇದನ್ನ?”

‘ಅಯ್ಯೋ, ಪರವಾಗಿಲ್ಲ ಬಿಡಿ ಅತ್ತೆ’ ಎಂಬ ಮಾತು ಸುಲೋಚನಾಳ ನಾಲಿಗೆಯ ತುದಿಗೆ ಬಂತು. ಮದುವೆಯಾದಾಗಿನಿಂದ ಆ ಮನೆಯಲ್ಲಿ ಎಲ್ಲದಕ್ಕೂ ಅವಳು ಕೊಟ್ಟ ಉತ್ತರ ಅದು. ಈ ಸಲ ಅದನ್ನು ನುಂಗಿಕೊಂಡಳು.

“ಹೌದು ಅತ್ತೆ,” ಎಂದಳು. “ತುಂಬ ಸುಸ್ತಾಗುತ್ತೆ.”