ನಾನು ಹಾಕದ ಚಿಲಕ

ಆ ದಿನ ಗೌಜಲಕ್ಕಿ ಗೂಡಿನ ಚಿಲಕ ಹಾಕದೆ ಹೋದವಳು ನಾನು. ನನ್ನ ಮಾವನಲ್ಲ. ಇಷ್ಟು ಹೇಳಲು ನನಗೆ ಹನ್ನೆರಡು ವರ್ಷ ಬೇಕಾಯಿತು. ಯಾರಿಗೆ ಹೇಳಬೇಕಾಗಿತ್ತೋ ಅವರು ಹೋಗಿಯೇ ಐದು ವರ್ಷ ಕಳೆದಿದೆ.

ಹಕ್ಕಿಗಳನ್ನು ಮನೆಗೆ ತಂದವಳೂ ನಾನೇ. ತೊಂಬತ್ತರ ದಶಕದ ಕೊನೆಯ ವರ್ಷಗಳು. ಜೀವನ್ ಬಿಮಾ ನಗರದಲ್ಲಿ ನಮ್ಮದು ತಾರಸಿಯ ಸಣ್ಣ ಮನೆ. ನನ್ನ ಗಂಡ ಸತೀಶ ಕಾರ್ಖಾನೆಯಲ್ಲಿ, ನಾನು ಹಲಸೂರಿನ ಒಂದು ಖಾಸಗಿ ಕಚೇರಿಯಲ್ಲಿ ಟೈಪಿಸ್ಟ್, ಮಗಳು ಅನು ಒಂದನೇ ಕ್ಲಾಸು. ಅತ್ತೆ ತೀರಿಕೊಂಡ ಮೇಲೆ ಮಾವ ಮಾತು ಕಡಿಮೆ ಮಾಡಿದ್ದರು. ಬೆಳಿಗ್ಗೆ ಪೇಪರು, ಸಂಜೆ ಗೇಟಿನ ಹತ್ತಿರ ಒಂದು ಕುರ್ಚಿ. ಊಟಕ್ಕೆ ಕರೆದರೆ ಬರುವರು, ಕರೆಯದಿದ್ದರೆ ಇಲ್ಲ.

ಒಂದು ಶನಿವಾರ ಶಿವಾಜಿನಗರದ ಮಾರ್ಕೆಟ್ಟಿನ ಹಕ್ಕಿ ಅಂಗಡಿಯ ಮುಂದೆ ಹಾದು ಬರುವಾಗ ಬುಟ್ಟಿಯೊಳಗೆ ಮುಷ್ಟಿಗಾತ್ರದ ಕಂದು ಹಕ್ಕಿಗಳು ಕಂಡವು. ಅಂಗಡಿಯ ಸಾಬರು ಅವನ್ನು ಬಟೇರ್ ಎಂದರು. ಪಕ್ಕದಲ್ಲಿದ್ದ ತಮಿಳಿನ ಹೆಂಗಸು ಕಾಡೈ ಎಂದಳು. ಯಾಕೆ ಕೊಂಡೆನೋ — ಆ ಕ್ಷಣಕ್ಕೆ ಮಾವನ ಖಾಲಿ ಕೈಗಳು ಕಣ್ಣ ಮುಂದೆ ಬಂದಿರಬೇಕು. ರಟ್ಟಿನ ಡಬ್ಬಕ್ಕೆ ತೂತು ಹೊಡೆಸಿ ಆರು ಹಕ್ಕಿ ತಂದೆ.

ಡಬ್ಬ ತೆರೆದವರೇ ಮಾವ ನಕ್ಕರು. "ಗೌಜಲಕ್ಕಿ! ಇವು ನಮ್ಮ ಹೊಲದಲ್ಲೂ ಇದ್ವು ಕಣಮ್ಮ. ರಾಗಿ ಕೊಯ್ಯುವಾಗ ಕಾಲ ಕೆಳಗಿಂದಲೇ ಬುರ್ರಂತ ಎದ್ದು ಹೋಗ್ತಿದ್ವು." ಕೃಷ್ಣರಾಜಪುರದ ಆಚೆಗಿನ ಆ ಹೊಲ ಎಂದೋ ಸೈಟುಗಳಾಗಿತ್ತು. ಅದರ ಬಗ್ಗೆ ಅವರು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ನಮಗಿಬ್ಬರಿಗೂ ಏನೂ ಗೊತ್ತಿರಲಿಲ್ಲ. ತಪ್ಪು ಮಾಡುತ್ತಲೇ ಕಲಿತೆವು. ತಾರಸಿಯ ಮೇಲೆ ಮೊದಲ ಗೂಡನ್ನು ಸೊಂಟದೆತ್ತರ ಮಾಡಿಸಿದೆವು. ಬೆದರಿದರೆ ಅವು ನೆಟ್ಟಗೆ ಮೇಲಕ್ಕೆ ಚಿಮ್ಮುತ್ತವೆಂದು ತಿಳಿದಿರಲಿಲ್ಲ. ತಲೆ ಒಡೆದುಕೊಂಡು ಒಂದು ಸತ್ತಿತು. ಮಾವ ಅರ್ಧ ದಿನ ಕೂತು ಮೇಲಿನ ಜಾಲರಿಯ ಕೆಳಗೆ ಗೋಣಿಚೀಲವನ್ನು ಸಡಿಲವಾಗಿ ಕಟ್ಟಿದರು. ಆಮೇಲೆ ತಂದ ಮರಿಗಳಲ್ಲಿ ಒಂದು ನೀರಿನ ಬಟ್ಟಲಲ್ಲೇ ಮುಳುಗಿತು — ಅಷ್ಟು ಸಣ್ಣದು. ಮರುದಿನದಿಂದ ಬಟ್ಟಲ ತುಂಬ ಬೆಣಚುಕಲ್ಲು. ಬಡಗಿಯ ಅಂಗಡಿಯಿಂದ ಮರದ ಹೊಟ್ಟು ತಂದು ಹಾಸಿದರು, ಹೊರಳಾಡಲು ಒಂದು ತಟ್ಟೆಯಲ್ಲಿ ಮರಳಿಟ್ಟರು, ಕೋಳಿಮರಿಯ ಮೇವಿಗೆ ರಾಗಿ ಬೆರೆಸಿದರು. ಎರಡು ತಿಂಗಳಲ್ಲಿ ಹನ್ನೆರಡು ಹಕ್ಕಿ. ಮಸಿ ಚೆಲ್ಲಿದಂಥ ಪುಟ್ಟ ಮೊಟ್ಟೆ ಮೊದಲ ಸಲ ಸಿಕ್ಕಾಗ ಮಾವ ಅದನ್ನು ಅನುವಿನ ಅಂಗೈಯಲ್ಲಿಟ್ಟು, ಇಬ್ಬರೂ ಬೀದಿಯ ಮನೆಮನೆಗೆ ತೋರಿಸಿ ಬಂದರು.

ಅವರು ಎಚ್ಚರದ ಮನುಷ್ಯ. ಇದನ್ನು ಒತ್ತಿ ಹೇಳಬೇಕು. ಗೂಡಿನ ಬಾಗಿಲು ಹಾಕಿದರೆ ಚಿಲಕ ಎಳೆದು, ಇನ್ನೊಮ್ಮೆ ಅಲುಗಿಸಿ ನೋಡಿ ಕೆಳಗಿಳಿಯುವರು. ಮರೆಯುವವಳು ಎಂದು ಹೆಸರಾಗಿದ್ದವಳು ನಾನು. ಚಿಲಕದ ಆ ದಿನಕ್ಕೆ ಹತ್ತು ದಿನ ಮುಂಚೆ, ಅನುವಿನ ಶಾಲೆ ಅಂದು ಮಧ್ಯಾಹ್ನಕ್ಕೇ ಬಿಡುತ್ತದೆಂಬುದನ್ನು ಮನೆಯಲ್ಲಿ ಹೇಳಲು ಮರೆತಿದ್ದೆ. ಮಗು ಎರಡು ಗಂಟೆ ಹೊತ್ತು ಶಾಲೆಯ ಗೇಟಿನಲ್ಲಿ ನಿಂತಿತ್ತು. ಸತೀಶ ಕೂಗಾಡಲಿಲ್ಲ. "ಮನೆ, ಆಫೀಸು ಎರಡೂ ಆಗಲ್ಲ ಅಂದ್ರೆ ಕೆಲಸ ಬಿಡು. ಇನ್ನೊಂದ್ ಸಲ ಹೀಗಾದ್ರೆ ನಾನೇ ಬಂದು ನಿಮ್ಮ ಆಫೀಸಲ್ಲಿ ಹೇಳ್ತೀನಿ," ಎಂದರು. ಇದನ್ನು ನೆಪವಾಗಿ ಹೇಳುತ್ತಿಲ್ಲ. ಆಗ ನಾನು ಯಾವುದಕ್ಕೆ ಹೆದರಿದ್ದೆ ಎಂದಷ್ಟೇ —

ಆ ದಿನ ಬೆಳಿಗ್ಗೆ ಮಾವ ಎಂದಿನಂತೆ ಹಕ್ಕಿಗಳಿಗೆ ಮೇವು ಹಾಕಿ, ಎಂಟಕ್ಕೆ ಅನುವನ್ನು ಕರೆದುಕೊಂಡು ಶಾಲೆಗೆ ನಡೆದರು. ಸತೀಶ ಆಗಲೇ ಹೋಗಿದ್ದರು. ಆಫೀಸಿನ ಗೆಳತಿಯೊಬ್ಬಳು ಮಗುವಿನ ಕೆಮ್ಮಿಗೆಂದು ನಾಲ್ಕು ಮೊಟ್ಟೆ ಕೇಳಿದ್ದಳು. ಮಾವ ಹಿಂದಿನ ಸಂಜೆ ಆರಿಸಿದ ಮೇಲೆ ಹಕ್ಕಿಗಳು ಇಟ್ಟವು ಹೊಟ್ಟಿನಲ್ಲಿ ಸಿಗಬಹುದೆಂದು ಒಬ್ಬಳೇ ತಾರಸಿಗೆ ಹೋದೆ. ಮೂರು ಸಿಕ್ಕವು. ಒಂದು ಕೈಯಲ್ಲಿ ಮೊಟ್ಟೆ, ಇನ್ನೊಂದರಲ್ಲಿ ಸೀರೆಯ ನೆರಿಗೆ. ಬಸ್ಸಿಗೆ ಹೊತ್ತಾಗಿತ್ತು. ಮೊಣಕೈಯಿಂದ ಬಾಗಿಲು ತಳ್ಳಿದೆ. ಅದು ಕೂತ ಸದ್ದೂ ಕೇಳಿಸಿತು.

ಬಸ್ಸು ಸಿ.ಎಂ.ಎಚ್. ರಸ್ತೆಗೆ ತಿರುಗಿದಾಗ ನೆನಪಾಯಿತು — ಚಿಲಕ? ಬಾಗಿಲು ತಳ್ಳಿದ್ದು ನೆನಪಿದೆ, ಬೆರಳಿಗೆ ಕಬ್ಬಿಣ ತಗಲಿದ್ದು ನೆನಪಿಲ್ಲ. ಹಾಕಿರುತ್ತೇನೆ ಎಂದುಕೊಂಡೆ. ಹಲಸೂರು ಬರುವಷ್ಟರಲ್ಲಿ ಹಾಕಿಲ್ಲವೆಂದು ಖಚಿತವಾಗಿತ್ತು. ಕಚೇರಿಯಲ್ಲೂ ಮನೆಯಲ್ಲೂ ಫೋನಿತ್ತು. ಒಂಬತ್ತಕ್ಕೆ ಮಾವ ಮನೆಗೆ ವಾಪಸಾಗಿರುತ್ತಾರೆ. ಮಾವ, ಮೇಲೆ ಹೋಗಿ ಬಾಗಿಲು ನೋಡಿ — ಅಷ್ಟೇ ಮಾತು. ನಾಲ್ಕು ಅಂಕಿ ಒತ್ತಿದೆ. ಮ್ಯಾನೇಜರು ಕರೆದರೆಂದು ರಿಸೀವರ್ ಇಟ್ಟೆ. ಆಮೇಲೆ ಇಡೀ ದಿನ ಆ ಫೋನು ನನ್ನ ಮೇಜಿನಿಂದ ಐದು ಹೆಜ್ಜೆ ದೂರದಲ್ಲೇ ಇತ್ತು. ಮಾಡಿದರೆ ಮತ್ತೆ ಮರೆತೆನೆಂದು ನಾನೇ ಒಪ್ಪಿಕೊಂಡ ಹಾಗಾಗುತ್ತದೆ, ಸತೀಶರ ಕಿವಿಗೂ ಬೀಳುತ್ತದೆ. ಮಾಡದಿದ್ದರೆ, ಬಾಗಿಲು ಹೇಗೂ ಬಿಗಿಯಾಗಿ ಕೂತಿದೆ, ಸಂಜೆ ನಾನೇ ಹೋಗಿ — ಹೀಗೆ ಲೆಕ್ಕ ಹಾಕುತ್ತ ಟೈಪು ಮಾಡಿದೆ. ಪುಟ ತುಂಬ ತಪ್ಪು.

ಸಂಜೆ ಗೇಟು ತೆರೆದಾಗ ಮಾವ ತಾರಸಿಯ ಮೆಟ್ಟಿಲ ಮೇಲೆ ಕೂತಿದ್ದರು. ಕಾಲಿನ ಬಳಿ ಮುಚ್ಚಿದ ಬುಟ್ಟಿ. ಪಂಚೆಯ ಅಂಚು ಹರಿದಿತ್ತು, ಮೊಣಕೈಯಲ್ಲಿ ಗೀರು.

"ಹಕ್ಕಿ ಹೋಗ್ಬಿಟ್ವು ಸುಜಾತಾ," ಎಂದರು. "ಎರಡು ಸಿಕ್ಕಿದ್ವು. ಒಂದು ಮೋರಿ ಪಕ್ಕ, ಒಂದು ಆ ಸ್ಕೂಟರ್ ಕೆಳಗೆ."

ಹನ್ನೊಂದರ ಹೊತ್ತಿಗೆ ಕಾಗೆಗಳ ಗಲಾಟೆ ಕೇಳಿ ಮೇಲೆ ಹೋದರಂತೆ. ಬಾಗಿಲು ಗಾಳಿಗೆ ಹಾರು ಹೊಡೆದಿತ್ತು. ಕೆಲವು ಮೋಟುಗೋಡೆ ದಾಟಿ ಬೀದಿಗೆ ಬಿದ್ದಿದ್ದವು. ಒಂದನ್ನು ಹದ್ದು ಅವರ ಕಣ್ಣೆದುರಿಗೇ ಎತ್ತಿಕೊಂಡು ಹೋಯಿತು. ಆ ಬಿಸಿಲಿನಲ್ಲಿ ಮೂರು ಬೀದಿ, ಪ್ರತಿ ಗೇಟಿನಲ್ಲೂ ನಿಂತು ಗೌಜಲಕ್ಕಿ ನೋಡಿದ್ರಾ ಎಂದು ಕೇಳುತ್ತ, ನಿಂತ ಗಾಡಿಗಳ ಕೆಳಗೆ ಬಗ್ಗಿ ನೋಡುತ್ತ ತಿರುಗಿದ್ದರು. ಮಧ್ಯಾಹ್ನದ ಊಟ ಮುಚ್ಚಿದ್ದು ಮುಚ್ಚಿದ ಹಾಗೇ ಇತ್ತು.

"ಚಿಲಕ ಹಾಕಿದ್ದೆ ಅಂತಲೇ ಅಂದ್ಕೊಂಡಿದ್ದೆ," ಎಂದರು. ಬಲಗೈಯನ್ನು ಮುಂದೆ ಹಿಡಿದು ಅದನ್ನೇ ನೋಡುತ್ತಿದ್ದರು. "ಕೈಗೆ ತಗಲಿದ್ದು ನೆನಪಿದೆ. ಇಲ್ಲ... ಅದು ನಿನ್ನೆ ಹಾಕಿದ್ದೇನೋ."

ಆಗ ಹೇಳಬೇಕಿತ್ತು. ನಾನು ಬಾಯಿ ತೆರೆದಿದ್ದೆ ಕೂಡ. ಅಷ್ಟರಲ್ಲಿ ಸತೀಶರ ಸ್ಕೂಟರು ಬಂತು. "ಏನಾಯ್ತು?" ಎಂದು ಅವರು ಕೇಳಿದ್ದು ನನ್ನನ್ನು. ಉತ್ತರ ಕೊಟ್ಟವರು ಮಾವ.

"ನಾನೇ ಕಣೋ. ಚಿಲಕ ಹಾಕೋದು ಮರ್ತೆ."

ಸತೀಶರ ಮುಖದಲ್ಲಿ ಸಿಟ್ಟು ಬರಲಿಲ್ಲ, ಭಯ ಬಂತು. ಆ ಭಯ ಅಪ್ಪನ ಬಗ್ಗೆ, ನನ್ನ ಬಗ್ಗೆ ಅಲ್ಲ ಎಂದು ತಿಳಿದಾಗ ನನಗೆ — ಬರೆಯಲು ನಾಚಿಕೆಯಾಗುತ್ತದೆ — ಹಗುರವಾಯಿತು. ಸುಮ್ಮನಾದರೂ ಇರಬಹುದಿತ್ತು. ನಾನು ಮಾವನ ಪಕ್ಕ ಕೂತು, ಹೆಗಲ ಮೇಲೆ ಕೈಯಿಟ್ಟು ಹೇಳಿದೆ:

"ಹೋಗ್ಲಿ ಬಿಡಿ ಮಾವ. ವಯಸ್ಸಾದ್ಮೇಲೆ ಎಲ್ರಿಗೂ ಹೀಗಾಗುತ್ತೆ."

ಆ ಒಂದು ವಾಕ್ಯ ಅವರನ್ನು ಮುದುಕರನ್ನಾಗಿ ಮಾಡಿತು. ಮರುದಿನ ಬೆಳಿಗ್ಗೆ ಅನು ಚಪ್ಪಲಿ ಹಾಕಿಕೊಂಡು ತಾತನಿಗಾಗಿ ಬಾಗಿಲಲ್ಲಿ ನಿಂತಳು. ಮಾವ ಎದ್ದು ಬರಲಿಲ್ಲ. "ಆಟೋ ಗೊತ್ತು ಮಾಡ್ಬಿಡೋ," ಎಂದು ಮಗನಿಗೆ ಹೇಳಿದರು. "ರಸ್ತೆ ದಾಟುವಾಗ ಮಗು ಕೈ ಬಿಟ್ಬಿಟ್ರೆ ಏನ್ ಮಾಡ್ಲಿ." ಸತೀಶ ಬೇಡವೆನ್ನಲಿಲ್ಲ. ಅನು ಒಂದು ವಾರ ಅತ್ತಳು, ಆಮೇಲೆ ಆಟೋಗೆ ಒಗ್ಗಿಕೊಂಡಳು.

ಮೆಲ್ಲಮೆಲ್ಲನೆ ಎಲ್ಲವನ್ನೂ ಬಿಟ್ಟರು. ಗ್ಯಾಸು ಹಚ್ಚುವುದನ್ನು ಬಿಟ್ಟರು. ಬೀಗ ಹಾಕಿ ಗೇಟಿನವರೆಗೆ ಹೋಗಿ ಮತ್ತೆ ತಿರುಗಿ ಬಂದು ಜಗ್ಗಿ ನೋಡುವರು, ಮೂರು ಸಲ, ನಾಲ್ಕು ಸಲ. "ಮಾತ್ರೆ ತಗೊಂಡ್ನಾ?" ಎಂದು ನನ್ನನ್ನು ಕೇಳುವರು. ತೆಗೆದುಕೊಂಡಿರುತ್ತಿದ್ದರು. ಒಂದು ದಿನವೂ ತಪ್ಪಿಸಿದವರಲ್ಲ. ಕೃಷ್ಣರಾಜಪುರದಲ್ಲಿರುವ ನಾದಿನಿ ಜಯಾ ಬಂದಾಗಲೆಲ್ಲ ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ನೆಂಟರ ಹೆಸರುಗಳನ್ನು ಹೇಳಿಸುತ್ತಿದ್ದಳು, ಮಗುವಿಗೆ ಮಗ್ಗಿ ಹೇಳಿಸಿದ ಹಾಗೆ. ಒಂದೂ ತಪ್ಪುತ್ತಿರಲಿಲ್ಲ. ಆದರೂ ಒಂದೊಂದು ಹೆಸರಿಗೂ ಸರಿಯೇ ಎಂದು ಅವಳ ಮುಖ ನೋಡುವರು.

ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಮುಕ್ಕಾಲು ಗಂಟೆ ಪ್ರಶ್ನೆ ಕೇಳಿ ಅವರು ಹೇಳಿದರು: "ಇವರಿಗೆ ಮರೆವಿನ ಕಾಯಿಲೆ ಇಲ್ಲ. ಯಾಕೋ ಹೆದರಿದ್ದಾರೆ. ಮನೇಲಿ ಏನಾದ್ರೂ ಆಯ್ತಾ?" ಸತೀಶ ಹಕ್ಕಿಗಳ ಕಥೆ ಹೇಳಿದರು. ಮಾವ ತಲೆ ತಗ್ಗಿಸಿದರು. ನಾನು ಕೈಚೀಲದ ಜಿಪ್ಪನ್ನು ಹಾಕುತ್ತ ತೆಗೆಯುತ್ತ ಕೂತಿದ್ದೆ. ಆ ಕೋಣೆಯಲ್ಲಿ ಅವರ ಹೆದರಿಕೆಯ ಕಾರಣ ಗೊತ್ತಿದ್ದವಳು ನಾನೊಬ್ಬಳೇ.

ಉಳಿದ ಎರಡು ಹಕ್ಕಿಗಳನ್ನು ವಾಪಸು ಕೊಟ್ಟು ಬಾ ಎಂದು ಮಾವನೇ ಹೇಳಿದರು. ಶಿವಾಜಿನಗರದ ಸಾಬರು ಅವನ್ನು ಕೈಯಲ್ಲಿ ಹಿಡಿದು, ಪುಕ್ಕ ಸರಿಸಿ ನೋಡಿ, "ಇಷ್ಟು ಚೆನ್ನಾಗಿ ಸಾಕಿದೀರಲ್ಲಮ್ಮಾ, ಯಾಕೆ ವಾಪಸ್?" ಎಂದರು. "ನಮ್ಮ ಮಾವಂಗೆ ಮರೆವು," ಎಂದೆ. ಅವರು ನನಗೇನೂ ಆಗಬೇಕಾದವರಲ್ಲ. ಅವರ ಮುಂದೆ ನನಗೆ ಕಳೆದುಕೊಳ್ಳಲು ಏನೂ ಇರಲಿಲ್ಲ. ಆದರೂ ಆ ಸುಳ್ಳು ತಡವರಿಸದೆ ಬಂತು. ಅಂದೇ ನನಗೆ ನನ್ನ ಬಗ್ಗೆ ಭಯವಾದದ್ದು.

ಮಾವ ಆಮೇಲೆ ಏಳು ವರ್ಷ ಬದುಕಿದರು. ಕೊನೆಯವರೆಗೂ ಅವರ ಬುದ್ಧಿ ನನ್ನದಕ್ಕಿಂತ ಚುರುಕಾಗಿತ್ತು. ಡಾಕ್ಟರು ಹೇಳಿದ್ದರೂ ಅದನ್ನು ಅವರೂ ನಂಬಲಿಲ್ಲ, ಸತೀಶರೂ ನಂಬಲಿಲ್ಲ. ಹೃದಯದ ತೊಂದರೆಯಿಂದ ಆಸ್ಪತ್ರೆಯಲ್ಲಿದ್ದಾಗ, ಮಧ್ಯಾಹ್ನ ನಾನೊಬ್ಬಳೇ ಇದ್ದ ಹೊತ್ತಿನಲ್ಲಿ, ಗಂಜಿ ಕುಡಿದು ಬಾಯಿ ಒರೆಸಿಕೊಂಡು ಹೇಳಿದರು: "ಹಕ್ಕಿ ಹೋದ ದಿನ ನೀನು ನನ್ನ ಬೈಲಿಲ್ಲ ಸುಜಾತಾ. ಪಕ್ಕದಲ್ಲಿ ಬಂದು ಕೂತೆ. ಅದನ್ನ ನಾನು ಮರೆತಿಲ್ಲ ಕಣಮ್ಮ."

ಆಗಲೂ ಹೇಳಲಿಲ್ಲ. ಈಗ ಹೇಳಿದರೆ ಅವರ ಎದೆಗೆ ಪೆಟ್ಟು ಬೀಳುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ನಿಜವೆಂದರೆ ಆ ಕೃತಜ್ಞತೆ ನನಗೆ ಬೇಕಿತ್ತು. ಲೋಟ ತೊಳೆದು ತರುತ್ತೇನೆಂದು ಹೊರಗೆ ಹೋದೆ. ನಾಲ್ಕನೇ ದಿನ ಅವರು ಹೋದರು.

ಇನ್ನು ಹೇಳದೆಯೇ ಇದ್ದುಬಿಡಬಹುದು ಎಂದುಕೊಂಡಿದ್ದೆ. ಆದರೆ ಈ ವರ್ಷ ಸತೀಶರಿಗೆ ಐವತ್ತು ದಾಟಿದೆ. ಕನ್ನಡಕ ಎಲ್ಲಿಟ್ಟೆನೆಂದು ಹುಡುಕುವಾಗ, ಯಾರದೋ ಹೆಸರು ನಾಲಿಗೆಗೆ ಬರದಾಗ, ಅವರ ಮುಖದಲ್ಲಿ ಅದೇ ಹಳೆಯ ಭಯ. ಹೋದ ಭಾನುವಾರ ತಿಂಡಿಗೆ ಕೂತಾಗ ಅನುವಿಗೆ ಹೇಳಿದರು: "ನಂಗೂ ಅಪ್ಪನ ಥರ ಶುರುವಾಗಿದೆ ಅನ್ಸುತ್ತೆ. ಇದು ವಂಶದಲ್ಲಿ ಬರುತ್ತಂತೆ. ಒಂದು ಸ್ಕ್ಯಾನ್ ಮಾಡಿಸ್ಬೇಕು. ಮುಂದೆ ನೀನೂ ಹುಷಾರಾಗಿರ್ಬೇಕು ಮಗಳೇ." ಅನು ಕೈಯಲ್ಲಿದ್ದ ದೋಸೆಯನ್ನು ಕೆಳಗಿಟ್ಟಳು.

ಇಲ್ಲದ ಕಾಯಿಲೆ ನನ್ನ ಮಗಳವರೆಗೆ ಬಂದಿತ್ತು. ಅಲ್ಲೇ, ತಿಂಡಿಯ ತಟ್ಟೆಗಳ ಮುಂದೆ ಹೇಳಿದೆ. ಮೊಟ್ಟೆ, ಮೊಣಕೈ, ಬಸ್ಸು, ಅರ್ಧ ಒತ್ತಿದ ಫೋನು, ಎಲ್ಲ.

ಮುಗಿದ ಮೇಲೆ ಅನು ಕೇಳಿದಳು: "ತಾತಂಗೆ ಗೊತ್ತಾಗ್ಲೇ ಇಲ್ವಾ?"

"ಇಲ್ಲ."

ಅವಳು ಎದ್ದು ಕೋಣೆಗೆ ಹೋದಳು. ಸತೀಶ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ನನ್ನ ಕೆಲಸದ ಮಾತು, ತಾವೇ ಆಡಿದ್ದ ಬೆದರಿಕೆಯ ಮಾತು ಯಾವುದನ್ನೂ ಎತ್ತಲಿಲ್ಲ. ಎದ್ದು ಫೋನಿನ ಹತ್ತಿರ ಹೋಗಿ ತಂಗಿಯ ನಂಬರು ಒತ್ತಿ, ರಿಸೀವರನ್ನು ನನ್ನ ಕಡೆ ಹಿಡಿದರು.

"ಜಯಂಗೆ ನೀನೇ ಹೇಳು. ನನ್ನ ಕೈಲಿ ಆಗಲ್ಲ."

ಹೇಳಿದೆ. ಅತ್ತ ಕಡೆ ಜಯಾ ಕೊನೆಯವರೆಗೂ ಕೇಳಿಸಿಕೊಂಡಳು. "ನಾನು ಅಪ್ಪನ ಹತ್ರ ನೆಂಟರ ಹೆಸರು ಹೇಳಿಸ್ತಿದ್ದೆ ಅತ್ತಿಗೆ," ಎಂದಳು. ಫೋನಿಟ್ಟಳು. ಅವಳು ಇನ್ನೂ ನಮ್ಮ ಮನೆಗೆ ಬಂದಿಲ್ಲ. ಬಾ ಎಂದು ಕರೆಯುವ ಮುಖ ನನಗಿಲ್ಲ. ಅವಳು ಬಂದು ಕೇಳಿದ ದಿನ, ಎಷ್ಟು ಸಲ ಕೇಳಿದರೆ ಅಷ್ಟು ಸಲ, ಏನನ್ನೂ ಬಿಡದೆ ಹೇಳುತ್ತೇನೆ.