ಅಲ್ಲಾಳಸಂದ್ರದ ಸೆಲ್ಲಾರಿಗೆ ನಾನು ಗಾಳಿ ತರಿಸಿದ್ದು

ಬೆಂಗಳೂರಿನ ಮೊದಲನೇ ಬೆಳಿಗ್ಗೆ ಕಣ್ಣು ಬಿಟ್ರೆ ಒಂದು ನಾಯಿ ಮೇಲಿಂದ ನನ್ನ ಮುಖಾನೇ ನೋಡ್ತಾ ನಿಂತಿತ್ತು. ಸೂರಿಗೆ ಅಂಟಿಕೊಂಡಂಗೆ ಒಂದು ಗೇಣು ಎತ್ತರದ ಕಿಂಡಿ, ಆ ಕಿಂಡಿ ತುಂಬಾ ನಾಯಿ ಮೂತಿ. ಅದು ಹೋದ್ಮೇಲೆ ಹಾಲಿನೋಳ ಚಪ್ಪಲಿ ಬಂತು. ಆಮೇಲೆ ಯಾರದೋ ಪಾಲಿಶ್ ಬೂಟು, ಆಮೇಲೆ ಸ್ಕೂಟರ್ ಚಕ್ರ. ನಮ್ಮೂರಲ್ಲಿ ಕಿಟಕಿ ತೆಗೆದ್ರೆ ಜನರ ಮುಖ ಕಾಣ್ತದೆ. ಇಲ್ಲಿ ವಾರ ಕಳೆದ್ರೂ ನನಗೆ ಒಬ್ಬರ ಮುಖ ಗೊತ್ತಿರ್ಲಿಲ್ಲ, ಹಿಂದಿನ ಗಲ್ಲಿಯೋರ ಹಿಮ್ಮಡಿ ಮಾತ್ರ ಒಂದೊಂದೂ ಪರಿಚಯ.

"ಇಪ್ಪತ್ತೆರಡು ವರ್ಷ ಚಿನ್ನದ ಗಣಿಯೊಳಗೆ ದುಡಿದು ಮೇಲೆ ಬಂದಿದ್ದೆ ಕಣೇ, ಮತ್ತೆ ನೆಲದಡಿಗೆ ಇಳಿಸ್ಬಿಟ್ಟೆಯಲ್ಲ" ಅಂದೆ ಹೆಂಡ್ತಿಗೆ.

"ಅಲ್ಲಿ ಸಂಬಳ ನಿಂದು, ಇಲ್ಲಿ ನಂದು. ಎದ್ದು ಹಲ್ಲುಜ್ಜಯ್ಯ" ಅಂದ್ಲು ನಾರಾಯಣಮ್ಮ.

ಬೇತಮಂಗಲದ ಬಸ್ ಸ್ಟ್ಯಾಂಡ್ ಟೀ ಅಂಗಡಿ ಬೆಂಚಿನ ಮೇಲೆ ಕೂತು ಇದನ್ನ ಓದ್ತಿರೋ ಮಹಾಶಯರೇ, ‘ಮುನೆಂಕಟಪ್ಪ ಹೆಂಡ್ತಿ ಸೆರಗು ಹಿಡ್ಕೊಂಡು ಬೆಂಗಳೂರಿಗೆ ಹೋದ’ ಅಂತ ನೀವು ಆಡ್ಕೊಳ್ತಿರೋದು ನನಗೆ ಗೊತ್ತು. ನಿಜಾನೇ. ಸಹಕಾರನಗರದಲ್ಲಿ ಅವಳ ತಂಗಿ ಒಬ್ಬಟ್ಟಿನ ಅಂಗಡಿ ಇಟ್ಟಿದ್ದಾಳೆ. ಮದುವೆ ಸೀಸನ್ನಲ್ಲಿ ತಟ್ಟೋ ಕೈ ಸಾಲಲ್ಲ ಅಂತ ಅಕ್ಕನ್ನ ಕರೆಸ್ಕೊಂಡ್ಲು. ನಲವತ್ತು ವರ್ಷ ನನಗೆ ಮಾತ್ರ ತಟ್ಟಿ ಹಾಕ್ತಿದ್ದ ಕೈಗೆ ಈಗ ದಿನಾ ನೂರು ಜನ ‘ಯಾರ್ ಮಾಡಿದ್ದಮ್ಮಾ ಇದು’ ಅಂತಾರೆ. ಅಂಗಡಿಯಿಂದ ಬಂದೋಳ ಮುಖ ನೀವು ನೋಡ್ಬೇಕು. ಆ ಮುಖ ನಮ್ಮ ಮದುವೇಲೂ ಇರ್ಲಿಲ್ಲ. ಹಾಗಾಗಿ ಬಂದೆ.

ಮನೆ ಸಿಕ್ಕಿದ್ದು ಅಲ್ಲಾಳಸಂದ್ರದಲ್ಲಿ. ಸಿಕ್ಕಿದ್ದು ಅನ್ನೋದಕ್ಕಿಂತ ಬಿದ್ದಿದ್ದು ಅನ್ಬೇಕು. ಓನರ್ ಪಿಳ್ಳೇಗೌಡ ಅದೇ ಹಳ್ಳಿಯ ಹಳೇ ಮನೆತನದೋನು. ಅಪ್ಪನ ರಾಗಿ ಹೊಲ ಸೈಟಾಯ್ತು, ಸೈಟಿನ ಮೇಲೆ ಮೂರಂತಸ್ತು ಎದ್ದಿತು. ಅಡಿಯಲ್ಲಿ ಕಾರು ನಿಲ್ಲಿಸೋಕೆ ಅಂತ ತೋಡಿದ್ದ ಜಾಗಕ್ಕೆ ಇಲ್ಲಿ ಸೆಲ್ಲಾರ್ ಅಂತಾರೆ. ಗೌಡರು ಅದಕ್ಕೆ ಅಡ್ಡ ಗೋಡೆ ಎತ್ತಿ, ಒಂದು ಬಚ್ಚಲು, ಒಂದು ಸಿಂಕು ಕೂರಿಸಿ, ಮನೆ ಅಂದ್ಬಿಟ್ಟಿದ್ರು. ಮುಂದುಗಡೆ ಕಾರಿಳಿಯೋ ಇಳಿಜಾರು, ಅದರ ಬುಡದಲ್ಲಿ ಒಂದೇ ಬಾಗಿಲು. ಹಿಂದುಗಡೆ ಗಲ್ಲಿಗೆ ಎರಡು ಕಿಂಡಿ. ಮುಗೀತು ಮನೆ.

ನಾನು ಗಣಿಯೋನು. ಒಂದೇ ದಾರಿ ಇರೋ ಜಾಗ ಕಂಡ್ರೆ ನನಗೆ ಆಗಲ್ಲ. ಗಣಿಯಲ್ಲಿ ಇಳಿಯೋ ಮುಂಚೆ ಹಿತ್ತಾಳೆ ಬಿಲ್ಲೆ ಮೇಲಿನ ಹಲಗೆಗೆ ನೇತು ಹಾಕಿ ಇಳೀತಿದ್ವಿ, ಹತ್ತಿ ಬಂದ್ಮೇಲೆ ತಗೋತಿದ್ವಿ. ಬಿಲ್ಲೆ ನೇತಾಡ್ತಿದ್ರೆ ಮನುಷ್ಯ ಇನ್ನೂ ಕೆಳಗಿದಾನೆ ಅಂತ. ನನ್ನ ಬಿಲ್ಲೆ, ನಮ್ಮಪ್ಪನ ಬಿಲ್ಲೆ ಎರಡೂ ಗಣಿಗೆ ವಾಪಸ್ ಕೊಡ್ಬೇಕಿತ್ತು, ನನ್ನ ಜೇಬಿಗೆ ಅದು ಇಷ್ಟ ಆಗ್ಲಿಲ್ಲ. ಇಲ್ಲಿ ಇಳಿಜಾರಿನ ಮೇಲಿರೋ ಗೇಟಿನ ಪಕ್ಕ ಎರಡು ಮೊಳೆ ಹೊಡೆದು, "ಒಳಗೆ ಹೋಗುವಾಗ ನೇತು ಹಾಕು, ಹೊರಗೆ ಬರುವಾಗ ತಗೋ" ಅಂತ ನಾರಾಯಣಮ್ಮನಿಗೆ ಅಪ್ಪನ ಬಿಲ್ಲೆ ಕೊಟ್ಟೆ.

"ಮಾವನೋರು ಸತ್ಮೇಲೂ ನನ್ನ ಕಾಯಬೇಕಾ? ಕೋತಿ ಬುದ್ಧಿ ನಿಂದು" ಅಂದ್ಲು. ನೇತು ಹಾಕಿದ್ರೆ ಹಾಕಿದ್ಲು, ಇಲ್ದಿದ್ರೆ ಇಲ್ಲ.

ಕೋತಿ ಬುದ್ಧಿ ಅಂದ್ಳಲ್ಲ, ನಿಜವಾದ ಕೋತಿತನ ಮಾಡಿದ್ದು ಆಮೇಲೆ. ನಿಮಗೆ ಗೊತ್ತಲ್ಲ, ನನ್ನಷ್ಟು ಚೆನ್ನಾಗಿ ಸುಳ್ಳು ಹೇಳೋನು ಕೋಲಾರ ಜಿಲ್ಲೇಲಿ ಇನ್ನೊಬ್ಬ ಇಲ್ಲ. ಒಂದಿನ ಇಲ್ಲಿನ ಟೀ ಅಂಗಡೀಲಿ ಗೌಡರು ಸಿಕ್ಕಿದ್ರು.

"ಯಜಮಾನ್ರೇ, ನೆಲದಾಗೆ ಚಿನ್ನ ಐತೆ ಅಂತ ಎಂಗೆ ಗೊತ್ತಾಗ್ತಿತ್ತು?" ಅಂದ್ರು.

"ಮೂಗಿಂದ ಕಣ್ರೀ ಗೌಡ್ರೇ. ಚಿನ್ನಕ್ಕೆ ವಾಸನೆ ಇದೆ. ಗಾಳಿ ಜೊತೆ ಹರೀತದೆ. ಅದಕ್ಕೇ ನೈಋತ್ಯದ ಕಡೆ ಒಂದು ಇಲಿ ಬಿಲಾನೂ ಬಿಡ್ತಿರ್ಲಿಲ್ಲ ನಾವು."

"ಔದಾ?"

"ನಿಮ್ಮ ಸೆಲ್ಲಾರೇ ನೋಡಿ. ಈಶಾನ್ಯದಿಂದ ಇಳಿಜಾರು. ಲಕ್ಷ್ಮಿ ಜಾರುಬಂಡೆ ಆಡಿದಂಗೆ ಸುಂಯ್ಯಂತ ಒಳಗೆ ಬರ್ತಾಳೆ. ಬಂದ್ರೇನು, ನೈಋತ್ಯದಲ್ಲಿ ಎರಡು ಕಿಂಡಿ! ಹಂಗೇ ಹೊರಟು ಹೋಗ್ತಾಳೆ."

ಬೆಂಚಿನ ಮೇಲಿದ್ದೋರೆಲ್ಲ ಗ್ಲಾಸಿನೊಳಗೇ ನಕ್ಕರು. ಗೌಡರು ನಗಲಿಲ್ಲ. ನಾನು ಅದನ್ನ ಗಮನಿಸಬೇಕಿತ್ತು.

ಅದಾದ ಮೇಲೆ ಚಿಕ್ಕಜಾಲದ ಛತ್ರದಲ್ಲಿ ಒಂದು ಮದುವೆಗೆ ಅಕ್ಕ ತಂಗಿ ಒಬ್ಬಟ್ಟು ಒಪ್ಕೊಂಡಿದ್ರು. ಹೂರಣದ ಪಾತ್ರೆ ಹೊರೋಕೆ ನಾನೂ ಹೋದೆ. ಎರಡು ದಿನ ಬಿಟ್ಟು ಬಂದು ಬಾಗಿಲು ತೆಗೆದ್ರೆ ಕತ್ತಲು. ಎರಡು ಕಿಂಡಿಗೂ ಇಟ್ಟಿಗೆ ಕಟ್ಟಿ ಗಾರೆ ಮಾಡಿದಾರೆ, ಗಾರೆ ಇನ್ನೂ ಹಸಿ. ಬಾಗಿಲಲ್ಲಿ ಗೌಡರು ಹಲ್ಲು ಕಿರೀತಾ ನಿಂತಿದಾರೆ. "ನೀವ್ ಏಳ್ದಂಗೇ ಮಾಡ್ಸಿವ್ನಿ!"

ಅಯ್ಯೋ ತಮಾಷೆ ಮಾಡಿದ್ದು ಗೌಡ್ರೇ ಅಂದೆ. ನಂಬಲಿಲ್ಲ. ಯಾಕಂದ್ರೆ ನನ್ನ ಗ್ರಹಚಾರಕ್ಕೆ, ಆರು ತಿಂಗಳಿಂದ ಖಾಲಿ ಬಿದ್ದಿದ್ದ ಎರಡನೇ ಮಹಡಿಗೆ ಅದೇ ವಾರ ಬಾಡಿಗೆಗೆ ಜನ ಬಂದ್ಬಿಟ್ರು! "ನೋಡಿದ್ರಾ, ನಿಂತ್ಕೊಂಡ್ಳು ಲಕ್ಷ್ಮಿ" ಅಂತಾರೆ. ಸುಳ್ಳು ಹೇಳಿದಾಗ ನಂಬಿದ ಮನುಷ್ಯ ನಿಜ ಹೇಳಿದ್ರೆ ನಂಬ್ತಿಲ್ಲ. ಇಂಥ ಅವಮಾನ ನನಗೆ ಜೀವನದಲ್ಲೇ ಆಗಿರ್ಲಿಲ್ಲ.

ಕಿಂಡಿ ಮುಚ್ಚಿದ ಗಾರೆ ಮೇಸ್ತ್ರಿ ಚಾಂದ್ ಪಾಷಾ ಪಕ್ಕದ ಬೀದಿಯೋನು. ಅವನ ಮನೆಗೇ ಹೋಗಿ, ಒಡೆದು ಕೊಡಪ್ಪಾ ಅಂದೆ.

"ಅರೆ ಚಾಚಾ, ನೀವೇ ಹೇಳಿ ಮುಚ್ಚಿಸಿದ್ದು ಅಂತಲ್ಲ? ಈಗ ನೀವೇ ಬಿಚ್ಚಿಸ್ತೀರಾ? ಗೌಡ್ರು ಹೇಳ್ಲಿ, ಒಂದು ಗಂಟೆ ಕೆಲ್ಸ. ಬೇರೆಯೋರ ಗೋಡೆಗೆ ನಾನು ಸುತ್ತಿಗೆ ಹಾಕಿದ್ರೆ ನಾಳೆ ನನ್ನ ಯಾರು ಕರೀತಾರೆ?"

ಅವನ ಮಾತೂ ಸರಿಯೇ. ಎಲ್ಲರ ಮಾತೂ ಸರಿ, ಗಾಳಿ ಮಾತ್ರ ಇಲ್ಲ. ಅನ್ನಕ್ಕಿಟ್ರೆ ಗೋಡೆ ಬೆವರ್ತದೆ. ಒಗೆದ ಬಟ್ಟೆ ಮೂರು ದಿನಕ್ಕೂ ಒಣಗಲ್ಲ. ಮಧ್ಯಾಹ್ನ ಅಂಗಡಿಯಿಂದ ಬಂದು ಮಲಗೋ ನಾರಾಯಣಮ್ಮನಿಗೆ ಕೆಮ್ಮು ಹತ್ಕೊಂತು. ಗಣಿಯಲ್ಲಿ ಮೈಲಿಗಟ್ಟಲೆ ಕೆಳಗೂ ಗಾಳಿ ಇಳಿಸ್ತಿದ್ರು ಕಣ್ರಯ್ಯ. ಇಲ್ಲಿ ಹತ್ತಡಿ ಕೆಳಗೆ ಇಳಿಸೋಕೆ ಗತಿ ಇಲ್ಲ. "ಯಾವನೋ ವಾಸ್ತು ಪಂಡಿತ ಹೇಳಿದ್ನಂತೆ" ಅಂತ ಹೆಂಡ್ತಿಗೆ ಹೇಳಿದ್ದೆ. ಆ ಪಂಡಿತ ನಾನೇ ಅಂತ ಹೇಳೋ ಧೈರ್ಯ ಇರ್ಲಿಲ್ಲ.

ಕೊನೆಗೆ ವಾರ್ಡ್ ಆಫೀಸಿಗೆ ಹೋದೆ. ಮೂರು ಸಲ ಹೋದ್ಮೇಲೆ ಇಂಜಿನಿಯರಮ್ಮ ಸಿಕ್ಕಿದ್ಲು, ಚಿಕ್ಕ ವಯಸ್ಸಿನ ಹುಡುಗಿ. ಎಲ್ಲಾ ಕೇಳಿಸ್ಕೊಂಡ್ಲು. ಮನೆ ಪ್ಲಾನ್ ತೆಗೆಸಿ ನೋಡಿದ್ಲು.

"ತಾತ, ಆ ಸೆಲ್ಲಾರ್ ಮನೇನ ಕಾನೂನು ಪ್ರಕಾರ ಸರಿ ಮಾಡೋಕೆ ಒಂದೇ ದಾರಿ ಇದೆ. ನೀವು ಅಲ್ಲಿ ಇರಬಾರ್ದು."

"ಕಿಂಡಿ ತೆಗೆಸಿದ್ರೆ? ಹಿಂದೆ ಇನ್ನೊಂದು ಬಾಗಿಲು ಇಟ್ರೆ?"

"ಉಸಿರಾಡೋಕೆ ಅನುಕೂಲ ಆಗುತ್ತೆ, ಮನೆ ಆಗಲ್ಲ. ಪ್ಲಾನ್‌ನಲ್ಲಿ ಅದು ಕಾರಿನ ಜಾಗ."

"ಹಂಗಾದ್ರೆ ನಮ್ಮನ್ನ ಕಾರು ಅಂತ ಬರ್ಕೊಳಮ್ಮ. ನಾನು ಹಳೇ ಅಂಬಾಸಿಡರ್, ನಮ್ಮೋಳು ಸ್ವಲ್ಪ ಲಾರಿ."

ಹುಡುಗಿ ನಗು ತಡ್ಕೊಂಡು ಪ್ಲಾನ್ ಮೇಲೆ ಬೆರಳಿಟ್ಲು. "ನೋಡಿ, ನೆಲಮಟ್ಟದಲ್ಲಿ ಮುಂದುಗಡೆ ಒಂದು ರೂಮಿದೆ, ಎರಡು ಬಾಗಿಲು. ಅದರಲ್ಲಿ ಯಾರಿದಾರೆ?"

"ಗೌಡರ ರಾಗಿ ಮೂಟೆ, ಒಂದು ಮುರುಕಲು ಸ್ಕೂಟರು."

"ಕೊಡ್ತಾರಾ ಕೇಳಿ. ಇಲ್ಲಾಂದ್ರೆ ಕಂಪ್ಲೇಂಟ್ ಬರ್ಕೊಡಿ, ನೋಟಿಸ್ ಕಳಿಸ್ತೀನಿ. ಸೆಲ್ಲಾರ್ ಖಾಲಿ ಮಾಡಿಸ್ತಾರೆ."

ಖಾಲಿ ಮಾಡಿಸ್ತಾರೆ. ಖಾಲಿ ಅಂದ್ರೆ ನಾವು. ಕಾಗದದ ಮೇಲೆ ‘ಮಾನ್ಯರೇ’ ಅಂತ ಬರೆದೆ, ಪೆನ್ನು ನಿಂತು ಹೋಯ್ತು. ಸಹಕಾರನಗರದಲ್ಲಿ ನಮ್ಮನ್ನ ನೋಡಿ ‘ವಯಸ್ಸಾದೋರಿಗೆ ಕೊಡಲ್ಲ’ ಅಂದ ಮನೆಗಳೇ ಎಷ್ಟೋ. ಇದೂ ಹೋದ್ರೆ ವಾಪಸ್ ಬೇತಮಂಗಲದ ಬಸ್ಸು, ಅವಳ ಒಬ್ಬಟ್ಟು ಮತ್ತೆ ನನಗೊಬ್ಬನಿಗೇ. ಕಾಗದ ಮಡಚಿ ಜೇಬಿಗಿಟ್ಕೊಂಡು ಬಂದೆ. ಗೌಡರನ್ನ ರೂಮು ಕೇಳಿದ್ರೆ, "ಸ್ಕೂಟರ್ ಎಲ್ಲಿಡ್ಲಿ?" ಅಂದ್ರು. ಸ್ಕೂಟರಿಗಿರೋ ಯೋಗ ನೋಡಿ!

ಅದಾದ ಒಂದು ಸಾಯಂಕಾಲ ನಮ್ಮ ಬೀದಿಗೆ ಸೊಳ್ಳೆ ಹೊಗೆ ಬಿಡೋರು ಬಂದ್ರು. ಹೆಗಲ ಮೇಲೆ ಗುಡುಗುಡು ಮೆಷೀನು, ಬಾಯಿಂದ ಬಿಳೀ ಹೊಗೆ. ಸೆಲ್ಲಾರಲ್ಲೇ ಸೊಳ್ಳೆ ಜಾಸ್ತಿ ಅಂತ ಪಾಪ ಆ ಮನುಷ್ಯ ಇಳಿಜಾರಿಗೆ ಧಾರಾಳವಾಗಿ ಹಿಡಿದ. ಅಲ್ಲಿ ಸಂಸಾರ ಇದೆ ಅಂತ ಅವನಿಗೆ ಹೆಂಗೆ ಗೊತ್ತಾಗ್ಬೇಕು? ನಾನು ಟೀ ಅಂಗಡೀಲಿ ಜಂಭ ಕೊಚ್ತಾ ಕೂತಿದ್ದೆ. ನಾರಾಯಣಮ್ಮ ಅವತ್ತು ಮಧ್ಯಾಹ್ನ ಬರಲ್ಲ, ಏಳು ಗಂಟೆಗೆ ಬರ್ತೀನಿ ಅಂದಿದ್ಲಲ್ಲ, ಒಳಗೆ ಯಾರೂ ಇಲ್ಲ ಅಂತ ನಿಧಾನಕ್ಕೆ ಬಂದೆ. ಹೊಗೆ ಬಾಗಿಲ ಸಂದೀಲಿ ಒಳಗೆ ನುಗ್ಗಿ, ಹೊರಗೆ ಹೋಗೋಕೆ ಕಿಂಡಿ ಇಲ್ದೆ, ಅದೇ ಸಂದೀಲಿ ವಾಪಸ್ ಬರ್ತಿತ್ತು.

ಗೇಟಿನ ಪಕ್ಕ ಮೊಳೆ ನೋಡಿದೆ. ಅಪ್ಪನ ಬಿಲ್ಲೆ ನೇತಾಡ್ತಿತ್ತು.

ಅವತ್ತು ಬೇಗ ಬಂದಿದ್ದಾಳೆ. ಒಳಗಿದ್ದಾಳೆ.

ಟವೆಲ್ ಮೂಗಿಗೆ ಕಟ್ಟಿ, ಬಗ್ಗಿ, ಎಡಗೈ ಗೋಡೆ ಮೇಲೆ ಇಟ್ಕೊಂಡು ನುಗ್ಗಿದೆ. ಗಣಿಯಲ್ಲಿ ಹಂಗೇ ಕಲಿಸ್ತಾರೆ, ಕಣ್ಣು ನಂಬಬೇಡ, ಗೋಡೆ ನಂಬು. ಗೋಡೆ ಮುಗಿದು ಸಿಂಕು ಬಂತು. "ಏಯ್ ನಾರಾಯಣೀ" ಅಂತ ಕೂಗಿದ್ರೆ ಕೆಮ್ಮು ಬಂತೇ ಹೊರತು ದನಿ ಬರ್ಲಿಲ್ಲ. ಆಗ ಠಣ್ ಠಣ್ ಅಂತ ಸದ್ದು. ಬಚ್ಚಲ ಬಾಗಿಲು ಹಾಕ್ಕೊಂಡು, ಸಂದಿಗೆ ಒದ್ದೆ ಸೀರೆ ತುರುಕಿ, ಒಳಗಿಂದ ಚೊಂಬಲ್ಲಿ ನಲ್ಲಿ ಬಡೀತಿದ್ಲು.

ಹೆಂಡ್ತೀನ ಹೆಗಲ ಮೇಲೆ ಹೊತ್ಕೊಂಡು ಬಂದೆ ಅಂತ ಇಲ್ಲಿ ಟೀ ಅಂಗಡೀಲಿ ಹೇಳಿದೀನಿ. ನಿಮಗೆ ನಿಜ ಹೇಳ್ತೀನಿ, ಅವಳೇ ನನ್ನ ಕೈ ಹಿಡ್ಕೊಂಡು ನಡೆದ್ಲು.

ಇಳಿಜಾರಿನ ಮೇಲೆ ಕೂರಿಸಿ ನೀರು ಕೊಟ್ಟೆ. ಕಣ್ಣು ಕೆಂಡ ಆಗಿತ್ತು ಅವಳಿಗೆ. "ಆ ವಾಸ್ತು ಪಂಡಿತನ ಮನೆ ಹಾಳಾಗ" ಅಂತ ಶಪಿಸೋಕೆ ಶುರು ಮಾಡಿದ್ಲು. ತಡ್ಕೊಳ್ಳೋಕಾಗ್ಲಿಲ್ಲ.

"ಅವನ ಮನೆ ಆಗ್ಲೇ ಹಾಳಾಗಿದೆ ಕಣೇ. ಇದೇ ಅವನ ಮನೆ" ಅಂದೆ. ರಾಗಿ ರೂಮು, ಜೇಬಿನ ಕಾಗದ, ಎಲ್ಲಾ ಹೇಳಿದೆ.

ಬಯ್ತಾಳೆ ಅಂತ ಕಾದೆ. ಬಯ್ಯಲಿಲ್ಲ. ಎರಡು ದಿನ ಮಾತೇ ಆಡ್ಲಿಲ್ಲ. ಆ ಎರಡು ದಿನ ನನಗೆ ಹೊಗೇನೇ ವಾಸಿ ಅನ್ನಿಸ್ತು.

ಗೌಡರು ಬಂದು ಕನಿಕರಪಟ್ರು. "ಎಂಥಾ ಕೆಲ್ಸ ಆಗೋಯ್ತು" ಅಂತ ಮೂರು ಸಲ ಅಂದ್ರು. ಕಿಂಡಿ ಮಾತು ಎತ್ತಿದ್ರೆ ಮಾತ್ರ, "ಶ್ರಾವಣ ಕಳೀಲಿ, ನೋಡಾಣ."

ಮೂರನೇ ದಿನ ಮಧ್ಯಾಹ್ನ ನಾರಾಯಣಮ್ಮ ಬಾಯಿ ಬಿಟ್ಲು, ನನ್ನ ಹತ್ರ ಅಲ್ಲ. "ಗೌಡ್ರೇ, ಒಬ್ಬಟ್ಟು ತಂದಿದೀನಿ, ಬನ್ನಿ ಒಳಗೆ" ಅಂತ ಕರೆದ್ಲು. ಗೌಡರು ಒಳಗಿನ ಗೋಡೆಗೆ ಒರಗಿ ಕೂತ್ರು. ಅವಳು ಗ್ಯಾಸ್ ಒಲೆ ಎಳ್ಕೊಂಡು ಬಾಗಿಲ ಹತ್ರ ಅಡ್ಡ ಕೂತ್ಲು, ಬಾಣಲೆ ಇಟ್ಲು. "ನೀವು ತಿಂತಾ ಇರಿ, ಸಾರಿನ ಪುಡಿಗೆ ಎರಡು ಮೆಣಸಿನಕಾಯಿ ಹುರ್ಕೊಂಡ್ಬಿಡ್ತೀನಿ" ಅಂದ್ಲು. ಎರಡು ಅಂದೋಳು ಎರಡು ಬೊಗಸೆ ಸುರಿದ್ಲು. ಎಲ್ಲಾ ಗುಂಟೂರು!

ಒಂದು ಒಬ್ಬಟ್ಟು ಮುಗಿಯೋದ್ರೊಳಗೆ ಗೌಡರ ಮೂಗು, ಕಣ್ಣು, ಬಾಯಿ ಮೂರೂ ಒಟ್ಟಿಗೆ ಹರಿಯೋಕೆ ಶುರು ಆಯ್ತು. "ಅವ್ವಾ, ದಾರಿ ಬುಡವ್ವಾ!"

"ಹಿಂದಿಂದ ಹೋಗಿ ಗೌಡ್ರೇ."

"ಇಂದೆ ಎಲ್ಲೈತವ್ವಾ ದಾರಿ?"

"ನನಗೂ ಅವತ್ತು ಅದೇ ಗೊತ್ತಾಗ್ಲಿಲ್ಲ" ಅಂದ್ಲು, ಸೌಟು ಆಡಿಸ್ತಾನೇ.

ಒಲೆ ಆರಿಸಿ ಅವರನ್ನ ಹೊರಗೆ ಬಿಟ್ಟು, ನನ್ನ ಜೇಬಿಗೆ ಕೈ ಹಾಕಿ ‘ಮಾನ್ಯರೇ’ ಕಾಗದ ತೆಗೆದು ಅವರ ಮುಂದೆ ಹಿಡಿದ್ಲು. "ಇವನು ಒಂದೇ ಪದ ಬರೆದವ್ನೆ. ಮಿಕ್ಕಿದ್ದು ನಾನು ಬರೆಸ್ತೀನಿ. ಇಲ್ಲಾಂದ್ರೆ ರಾಗಿ ರೂಮು ಕೊಡಿ. ಲಕ್ಷ್ಮಿ ಬೇಕಂದ್ರೆ ಸೆಲ್ಲಾರಲ್ಲೇ ಇರ್ಲಿ, ನಾನಂತೂ ಇರಲ್ಲ."

ಗೌಡರು ಅಂಗಿ ತುದೀಲಿ ಕಣ್ಣೊರೆಸ್ಕೊಂಡು, ಅರ್ಧ ಅಳ್ತಾ ಅರ್ಧ ನಗ್ತಾ, "ನಿಮ್ಮೋನಿಗಿಂತ ನೀನೇ ಕಿಲಾಡಿ ಕಣವ್ವಾ, ತಗೋ ರೂಮ್ನ" ಅಂದ್ರು. ನೋಟಿಸ್ ಬಂದ್ರೆ ಲಕ್ಷ್ಮಿ ಹೆಂಗೂ ಓಡಿ ಹೋಗ್ತಾಳೆ ಅಂತ ಅವರಿಗೂ ಹೊಳೆದಿತ್ತು, ಮಾರನೇ ದಿನವೇ ಅವರೇ ಕಳಿಸಿದ ಚಾಂದ್ ಪಾಷಾ ಸುತ್ತಿಗೆ ಹಿಡ್ಕೊಂಡು ಬಂದ. "ಚಾಚಾ, ಈ ಸಲ ದಯವಿಟ್ಟು ಬಾಯಿ ಮುಚ್ಕೊಂಡಿರಿ" ಅಂದು ಎರಡು ಕಿಂಡೀನೂ ಒಡೆದ. ಅಡ್ಡ ಗೋಡೇನೂ ಬಿತ್ತು. ಇಂಜಿನಿಯರ್ ಹುಡುಗಿ ಬಂದು ನೋಡಿ, ಈಗ ಪ್ಲಾನ್ ಪ್ರಕಾರ ಸರಿ ಇದೆ ಅಂದ್ಲು.

ನಾನು ಅಷ್ಟು ಒದ್ದಾಡಿ ತರಿಸಿದ ಗಾಳೀನ ಈಗ ಎರಡು ಕಾರು, ಆ ಮುರುಕಲು ಸ್ಕೂಟರು ಕುಡೀತಾ ನಿಂತಿವೆ. ನಾವಿರೋ ರಾಗಿ ರೂಮಲ್ಲಿ ಇಬ್ಬರೂ ಒಟ್ಟಿಗೆ ಕಾಲು ಚಾಚೋ ಹಂಗಿಲ್ಲ, ಸರದಿ ಮೇಲೆ ಚಾಚ್ತೀವಿ. ಬಾಗಿಲು ಮಾತ್ರ ಎರಡಿವೆ. ಕಿಟಕೀಲಿ ಜನರ ಮುಖ ಕಾಣ್ತದೆ. ಹಿಮ್ಮಡಿ ನೋಡಿದ್ರೆ ಹೆಸರು ಹೇಳ್ತೀನಿ, ಮುಖ ನೋಡಿದ್ರೆ ಈಗ್ಲೂ ತಡವರಿಸ್ತೀನಿ.

ಈ ಕಾಗದದ ಜೊತೆ ನನ್ನ ಬಿಲ್ಲೆ ಕಳಿಸ್ತಿದೀನಿ. ಟೀ ಅಂಗಡಿ ಕಂಬಕ್ಕೆ ಒಂದು ಮೊಳೆ ಹೊಡೆದು ನೇತು ಹಾಕಿ. ಅದು ಅಲ್ಲಿ ನೇತಾಡೋ ತನಕ ಮುನೆಂಕಟಪ್ಪ ಇನ್ನೂ ಕೆಳಗೇ ಇದಾನೆ, ಮೇಲೆ ಹತ್ತಿ ಬಂದಿಲ್ಲ ಅಂತ ತಿಳ್ಕೊಳ್ಳಿ. ನಾನೇ ಬಂದು ತಗೋತೀನಿ, ಬೇರೆ ಯಾರೂ ಮುಟ್ಟಬೇಡಿ.

ಅಪ್ಪನ ಬಿಲ್ಲೇನೂ ಸೇರಿಸಿ ಕಳಿಸೋಣ ಅಂತ ಕೈ ಚಾಚಿದೆ. ನಾರಾಯಣಮ್ಮ ಅದನ್ನ ಅಂಗಡಿ ಬೀಗದ ಕೈ ಜೊತೆ ಪೋಣಿಸ್ಕೊಂಡು ಸೊಂಟಕ್ಕೆ ಸಿಕ್ಕಿಸ್ಕೊಂಡ್ಲು.

"ನಂದು ಯಾಕೆ ಕಳಿಸ್ತೀಯ? ನಾನು ಮೇಲೆ ಬಂದಾಯ್ತಲ್ಲಯ್ಯ" ಅಂದ್ಲು.